ಡೀಸೆಲ್ ಜೀಪು: ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗುವುದಿಲ್ಲ

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ರಸ್ತೆ, ಅಲ್ಲಿಂದ ಮತ್ತೆ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಮನೆಯಲ್ಲಿ ಅಪ್ಪನ ಕಾಲದ ಡೀಸೆಲ್ ಜೀಪು ಇದೆ. ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರ್ ಕಾಯಿಸುವ ಹೀಟರ್ ಪ್ಲಗ್ ಇರುವ ಹಳೆ ಎಂಜಿನ್. ಹದಿನೈದು ದಿನದಿಂದ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಇಲ್ಲ. ಸೆಲ್ಫ್ ಹೊಡೆದರೆ ಎಂಜಿನ್ ಜೋರಾಗಿಯೇ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಐದಾರು ಸಲ ಹೊಡೆದ ಮೇಲೆ ಬ್ಯಾಟರಿ ಸುಸ್ತಾಗುತ್ತದೆ. ಆಮೇಲೆ ಇಳಿಜಾರಿನಲ್ಲಿ ಉರುಳಿಸಿ ಸೆಕೆಂಡ್ ಗೇರಿಗೆ ಹಾಕಿದರೆ ಎರಡು ಸಲ ಕೆಮ್ಮಿ ಸ್ಟಾರ್ಟ್ ಆಗುತ್ತದೆ. ಒಂದು ಸಲ ಸ್ಟಾರ್ಟ್ ಆಯಿತು ಅಂದರೆ ಮುಗಿಯಿತು, ಇಡೀ ದಿನ ಬೆರಳು ತಾಗಿಸಿದರೆ ಸಾಕು.

ಬ್ಯಾಟರಿ ಹಾಕಿಸಿ ಎರಡು ತಿಂಗಳಾಗಿದೆ ಅಷ್ಟೆ. ಡೀಸೆಲ್ ಫಿಲ್ಟರ್ ಮಳೆಗಾಲಕ್ಕೆ ಮುಂಚೆ ಬದಲಾಯಿಸಿದ್ದೆ. ಒಬ್ಬ ಮೆಕ್ಯಾನಿಕ್ ಬಂದು ನೋಡಿ, ಬಾನೆಟ್ ಎತ್ತಿ, ಎರಡು ನಿಮಿಷ ನಿಂತು, "ಡೀಸೆಲ್ ಪಂಪ್ ಹೋಗಿದೆ, ಬಿಚ್ಚಿ ಶಿವಮೊಗ್ಗಕ್ಕೆ ಕಳಿಸಬೇಕು" ಅಂದ. ಖರ್ಚು ಕೇಳಿ ನನಗೇ ಹೀಟರ್ ಹಾಕಿದ ಹಾಗಾಯಿತು. ಈಗ ಅಡಿಕೆ ತೋಟಕ್ಕೆ ಎರಡನೇ ಸಲದ ಔಷಧಿ ಹೊಡೆಯಬೇಕು. ಮರ ಹತ್ತುವ ಕೊನೆಗಾರ ಸಿಗುವುದೇ ಕಷ್ಟ, ಅವನು ಬಂದ ದಿನ ಮಳೆ ಹೊಳವಾದರೆ ಅದು ಭಾಗ್ಯ. ಮೊನ್ನೆ ಎರಡೂ ಕೂಡಿ ಬಂದಿತ್ತು, ಔಷಧಿಗೆ ಸುಣ್ಣ ತರಲು ಪೇಟೆಗೆ ಹೋಗಬೇಕು, ಜೀಪು ಅಲ್ಲಾಡಲಿಲ್ಲ. ಪಂಪ್ ಬಿಚ್ಚುವ ಮುಂಚೆ ಏನಾದರೂ ನೋಡಬಹುದಾ?

ಮಳೆನಾಡಿಗ:

ಮೊದಲು ಬ್ಯಾಟರಿ ಟರ್ಮಿನಲ್ ನೋಡಿ. ಮಳೆಗಾಲದಲ್ಲಿ ಹಸಿರು ಬಿಳಿ ಪುಡಿ ಕಟ್ಟಿಕೊಂಡಿರುತ್ತದೆ. ಬಿಸಿನೀರು ಹುಯ್ದು ತೊಳೆದು, ಉಜ್ಜಿ, ಬಿಗಿ ಮಾಡಿ. ಚಾಸಿಗೆ ಹೋಗುವ ಅರ್ತ್ ವಯರ್ ಕೂಡ. ಹತ್ತರಲ್ಲಿ ಐದು ಗಾಡಿಗೆ ಅದೇ ರೋಗ. ಎರಡು ತಿಂಗಳ ಬ್ಯಾಟರಿ ಅಂತ ಸುಮ್ನೆ ನಂಬಬೇಡಿ.

ತೋಟದಮನೆ:

ಟರ್ಮಿನಲ್ ತೊಳೆದಿದ್ದೇನೆ ಮಾರಾಯ್ರೆ. ಮೀಟರ್ ಇಟ್ಟು ನೋಡಿದೆ, ರಾತ್ರಿ ನಿಂತ ಮೇಲೆ 12.6 ವೋಲ್ಟ್ ಇದೆ. ಸೆಲ್ಫ್ ಹೊಡೆಯುವಾಗ 10.8ಕ್ಕೆ ಇಳಿಯುತ್ತದೆ.

ಮಳೆನಾಡಿಗ:

ಹಾಗಾದರೆ ಬ್ಯಾಟರಿ ಅಲ್ಲ. ಅದು ಕೆಟ್ಟಿದ್ದರೆ ಸೆಲ್ಫ್ ಹೊಡೆಯುವಾಗ 9ರ ಹತ್ತಿರಕ್ಕೋ ಇನ್ನೂ ಕೆಳಗೋ ಬೀಳುತ್ತಿತ್ತು. ನನ್ನ ಬತ್ತಳಿಕೆ ಖಾಲಿ.

ಹೊಸನಗರದ ಹೈದ:

ಹೀಟರ್ ನೋಡಿದ್ರಾ? ಡ್ಯಾಶ್ ಮೇಲೆ ಲೈಟ್ ಬಂತು ಅಂದರೆ ಹೀಟರ್ ಕಾಯಿತು ಅಂತ ಅಲ್ಲ. ಪ್ಲಗ್ಗಿನ ತಲೆ ಮೇಲಿರುವ ವಯರ್ ಅಥವಾ ಪಟ್ಟಿ ಬಿಚ್ಚಿ. ಬ್ಯಾಟರಿ ಪ್ಲಸ್‌ನಿಂದ ಟೆಸ್ಟ್ ಲ್ಯಾಂಪ್ ಮೂಲಕ ಒಂದೊಂದೇ ಪ್ಲಗ್ ಮುಟ್ಟಿಸಿ. ಲ್ಯಾಂಪ್ ಹತ್ತದ ಪ್ಲಗ್ ಸತ್ತಿದೆ. ನಾಲ್ಕರಲ್ಲಿ ಎರಡು ಸತ್ತರೆ ಈ ಥಂಡಿಯಲ್ಲಿ ಹಳೆ ಎಂಜಿನ್ ಹಿಡಿಯುವುದಿಲ್ಲ.

ಇನ್ನೊಂದು, ಡೀಸೆಲ್ ಎಲ್ಲಿಂದ ಹಾಕಿದ್ದು? ಕ್ಯಾನಿನಲ್ಲಿ ತಂದಿಟ್ಟಿದ್ದಾ? ನಮ್ಮಲ್ಲಿ ಪವರ್ ಟಿಲ್ಲರಿಗೆ ಅಂತ ತಂದ ಕ್ಯಾನ್ ಕೊಟ್ಟಿಗೆಯಲ್ಲಿ ಎರಡು ತಿಂಗಳು ಇತ್ತು. ಮುಚ್ಚಳ ಸರಿ ಇರಲಿಲ್ಲ, ಸೋಗೆ ಮಾಡಿನ ನೀರು ತೊಟ್ಟಿಕ್ಕಿ ಒಳಗೆ ಹೋಗಿತ್ತು. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಕೂರುತ್ತದೆ. ಕ್ಯಾನ್ ಬಗ್ಗಿಸಿದಾಗ ಕೊನೆಗೆ ಅದೂ ಟ್ಯಾಂಕಿಗೆ ಹೋಯಿತು. ಫಿಲ್ಟರಿನ ಕೆಳಗಿರುವ ಬೋಲ್ಟ್ ಸಡಿಲ ಮಾಡಿ ಗಾಜಿನ ಲೋಟಕ್ಕೆ ಹಿಡಿಯಿರಿ, ನೀರಿದ್ದರೆ ಗೊತ್ತಾಗುತ್ತದೆ.

ಘಾಟಿ ರೈಡರ್:

ಇಷ್ಟೆಲ್ಲ ಯಾಕೆ ಅಣ್ಣಾ, ಸ್ಟಾರ್ಟಿಂಗ್ ಸ್ಪ್ರೇ ಅಂತ ಸಿಗುತ್ತದೆ, ಏರ್ ಫಿಲ್ಟರಿಗೆ ಎರಡು ಪುಸ್ ಹೊಡೆದು ಸೆಲ್ಫ್ ಕೊಡಿ. ಒಂದೇ ಹೊಡೆತಕ್ಕೆ ಸ್ಟಾರ್ಟ್.

ಸ್ಪ್ಯಾನರ್ ಅಜ್ಜ:

ಬೇಡ ಬೇಡ, ಖಂಡಿತ ಬೇಡ. ಹೀಟರ್ ಇರುವ ಎಂಜಿನಿಗೆ ಈಥರ್ ಸ್ಪ್ರೇ ಹೊಡೆಯಬಾರದು. ಕೆಂಪಗೆ ಕಾದ ಪ್ಲಗ್ಗಿಗೆ ಅದು ತಾಗಿದರೆ ಹೊತ್ತಲ್ಲದ ಹೊತ್ತಿನಲ್ಲಿ ಉರಿಯುತ್ತದೆ. ಪಿಸ್ಟನ್ ಒಡೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಸ್ಟಾರ್ಟ್ ಆದರೂ ರೋಗ ಎಲ್ಲಿತ್ತೋ ಅಲ್ಲೇ ಇರುತ್ತದೆ, ಅಲ್ವಾ?

ತೋಟದಮನೆಯವರೇ, ನನಗೆ ಎರಡು ವಿಷಯ ಹೇಳಿ. ಒಂದು, ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಹೊಗೆ ಬರುತ್ತದಾ? ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ನೋಡಿ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ. ಆಗ ಹೈದ ಹೇಳಿದ ಹೀಟರ್ ನೋಡಬೇಕು, ಆಮೇಲೆ ಕಂಪ್ರೆಷನ್. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಹೋಗುತ್ತಿಲ್ಲ, ಹೀಟರ್ ಎಷ್ಟು ಕಾದರೂ ಪ್ರಯೋಜನ ಇಲ್ಲ. ಎರಡು, ರಾತ್ರಿ ಗಾಡಿ ಹೇಗೆ ನಿಲ್ಲಿಸುತ್ತೀರಿ?

ಹಾಗೆಯೇ, ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. ಹತ್ತು ಸೆಕೆಂಡ್ ಹೊಡೆದು ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟಾರಿಗೂ ಬೇರೆ ದುಡ್ಡು ತೆಗೆದಿಡಬೇಕಾಗುತ್ತದೆ. ಉರುಳಿಸಿ ಸ್ಟಾರ್ಟ್ ಮಾಡುವುದೂ ಹುಷಾರು, ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ಓಡದಿದ್ದರೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ನಮ್ಮ ಕಡೆಯ ಇಳಿಜಾರು, ಒಂದು ಕಡೆ ಕಡಿದಾದ ಮಣ್ಣಿನ ಧರೆ, ಇನ್ನೊಂದು ಕಡೆ ತೋಟದ ಕಾಲುವೆ.

ತೋಟದಮನೆ:

ಅಜ್ಜ, ಇವತ್ತು ಮಗಳನ್ನು ಹಿಂದೆ ನಿಲ್ಲಿಸಿ ನೋಡಿದೆ. ಹೊಗೆ ಇಲ್ಲ. ಒಂದು ಎಳೆಯೂ ಇಲ್ಲ. "ಅಪ್ಪಾ, ಬರೀ ಗಾಳಿ ಬರ್ತಾ ಇದೆ" ಅಂದಳು. ಹೀಟರ್ ನಾಲ್ಕೂ ಲ್ಯಾಂಪ್ ಹತ್ತಿಸಿದವು. ಫಿಲ್ಟರ್ ಕೆಳಗಿನ ಬೋಲ್ಟ್ ಬಿಚ್ಚಿದೆ. ಹೈದ ಹೇಳಿದ್ದು ಅರ್ಧ ನಿಜ, ಲೋಟದ ತಳದಲ್ಲಿ ಎರಡು ಚಮಚದಷ್ಟು ನೀರು ಇತ್ತು. ಅದನ್ನು ಬಸಿದ ಮೇಲೂ ಮರುದಿನ ಅದೇ ಕಥೆ.

ನಿಲ್ಲಿಸುವುದು ಕೇಳಿದಿರಿ. ನಮ್ಮ ಅಂಗಳಕ್ಕೆ ಏರು ಹತ್ತಿ ಬರಬೇಕು. ಗೇಟಿನ ದಣಪೆ ದಾಟಿ ಮುಖ ಮೇಲೆ ಮಾಡಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಹಿಂದಕ್ಕೆ ಬಿಟ್ಟು ಕೆಳಗೆ ತಿರುಗಿಸಿ ಉರುಳಿಸಲು ಅನುಕೂಲ ಅಂತ. ಇದನ್ನು ಬರೆಯುವಾಗ ಒಂದು ನೆನಪಾಯಿತು. ಹೋದ ವಾರ ಶಿವಮೊಗ್ಗದಲ್ಲಿ ಭಾವನ ಮನೆಯಲ್ಲಿ ರಾತ್ರಿ ಉಳಿದಿದ್ದೆ, ಬೆಳಿಗ್ಗೆ ಆರಕ್ಕೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಿತ್ತು. ಅಲ್ಲಿ ಥಂಡಿ ಕಡಿಮೆ, ಅದಕ್ಕೇ ಇರಬೇಕು ಅಂದುಕೊಂಡೆ.

ಸ್ಪ್ಯಾನರ್ ಅಜ್ಜ:

ಥಂಡಿ ಅಲ್ಲ ಮಾರಾಯ್ರೆ! ಅಲ್ಲಿ ರಸ್ತೆ ಸಪಾಟು. ಇದನ್ನು ಮೊದಲ ದಿನವೇ ಹೇಳಿದ್ದರೆ ಹೀಟರ್ ಬಿಚ್ಚುವ ಕೆಲಸ ಉಳಿಯುತ್ತಿತ್ತು.

ನಿಮ್ಮ ಟ್ಯಾಂಕ್ ಹಿಂದೆ, ಕೆಳಗೆ ಇದೆ ಅಲ್ವಾ? ಎಂಜಿನ್ ಮುಂದೆ. ಮುಖ ಮೇಲೆ ಮಾಡಿ ನಿಲ್ಲಿಸಿದರೆ ಎಂಜಿನ್ ಟ್ಯಾಂಕಿಗಿಂತ ಇನ್ನೂ ಎತ್ತರಕ್ಕೆ ಹೋಗುತ್ತದೆ. ಪೈಪು ಎಲ್ಲೂ ಸೋರದೆ ಇದ್ದರೆ ಡೀಸೆಲ್ ಅಲ್ಲೇ ನಿಂತಿರುತ್ತದೆ. ಸ್ಟ್ರಾದಲ್ಲಿ ನೀರು ಎಳೆದು ಮೇಲಿನ ಬಾಯಿಗೆ ಬೆರಳು ಇಟ್ಟ ಹಾಗೆ. ಎಲ್ಲೋ ಒಂದು ಸಣ್ಣ ಸಂದಿಯಲ್ಲಿ ಗಾಳಿ ಒಳಗೆ ಬಂತು ಅಂದರೆ ಬೆರಳು ತೆಗೆದ ಹಾಗೆ, ರಾತ್ರಿಯಿಡೀ ಮೆಲ್ಲಗೆ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ನೀವು ಸೆಲ್ಫ್ ಹೊಡೆದರೆ ಪಂಪಿಗೆ ಸಿಗುವುದು ಗಾಳಿ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಅದಕ್ಕೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತೆರೆಯುವಷ್ಟು ಪ್ರೆಶರ್ ಏಳುವುದಿಲ್ಲ. ಹೊಗೆಯೂ ಇಲ್ಲ. ಉರುಳಿಸಿದಾಗ ಎಂಜಿನ್ ಸೆಲ್ಫಿಗಿಂತ ಜೋರಾಗಿ, ಜಾಸ್ತಿ ಹೊತ್ತು ತಿರುಗುತ್ತದೆ, ಟ್ಯಾಂಕಿನಿಂದ ಡೀಸೆಲ್ ತರುವ ಸಣ್ಣ ಫೀಡ್ ಪಂಪ್ ಹೇಗೋ ಎಳೆದುಕೊಳ್ಳುತ್ತದೆ. ಆಮೇಲೆ ದಿನವಿಡೀ ಡೀಸೆಲ್ ಹರಿಯುತ್ತಲೇ ಇರುವುದರಿಂದ ಸ್ವಲ್ಪ ಗುಳ್ಳೆ ಬಂದರೂ ನಡೆಯುತ್ತದೆ.

ನೆಲದ ಮೇಲೆ ಡೀಸೆಲ್ ಹನಿ ಇಲ್ಲವಲ್ಲ ಅಂತ ಕೇಳುತ್ತೀರಿ. ಇರುವುದಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಪೈಪಿನಲ್ಲಿ ಎಳೆತ ಇರುತ್ತದೆ, ಒತ್ತಡ ಇರುವುದಿಲ್ಲ. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಇದು ಕಣ್ಣಿಗೆ ಬೀಳದ ರೋಗ, ಅದಕ್ಕೇ ಪಾಪದ ಪಂಪಿನ ಮೇಲೆ ಅಪವಾದ. ಮೈಕೋ ಪಂಪ್ ಅಂತ ನಾವು ಈಗಲೂ ಕರೆಯುತ್ತೇವೆ, ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಆಗಿದೆ. ಅಂಥ ಪಂಪು ಒಂದು ರಾತ್ರಿಯಲ್ಲಿ ಕೆಟ್ಟು ಹಗಲು ತಾನಾಗಿ ಸರಿಯಾಗುವುದಿಲ್ಲ. ಪಂಪ್ ಹೋಗಿದ್ದರೆ ಏರಿನಲ್ಲಿ ಎಳೆಯುತ್ತಿರಲಿಲ್ಲ, ಬಿಸಿ ಎಂಜಿನ್ನೂ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು.

ನಾಳೆ ಬೆಳಿಗ್ಗೆ ಸೆಲ್ಫ್ ಮುಟ್ಟುವ ಮುಂಚೆ ಹೀಗೆ ಮಾಡಿ. ಫಿಲ್ಟರ್ ತಲೆಯ ಮೇಲೆ ಏರ್ ತೆಗೆಯುವ ಸ್ಕ್ರೂ ಇರುತ್ತದೆ, ಅದನ್ನು ಎರಡು ಸುತ್ತು ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ಬುಸ್ ಅಂತ ಗಾಳಿ, ಆಮೇಲೆ ನೊರೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್ ಬರಬೇಕು. ಬರುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಈಗ ಸೆಲ್ಫ್ ಹೊಡೆದು ನೋಡಿ. ಸ್ಟಾರ್ಟ್ ಆದರೆ ನಾನು ಹೇಳಿದ್ದೇ ರೋಗ.

ಎಲ್ಲಿ ಅಂತ ಹುಡುಕಲು ನಮ್ಮ ಹಳೆ ಉಪಾಯ: ಸಂಜೆ ಫೀಡ್ ಪಂಪಿಗೆ ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ, ಆ ಬಾಯಿ ಮುಚ್ಚಿ ಇಡಿ. ಎರಡು ಲೀಟರ್ ಬಾಟಲಿಯಲ್ಲಿ ಶುದ್ಧ ಡೀಸೆಲ್ ಹಾಕಿ ಬಾನೆಟ್ಟಿಗೆ ಸಲೈನ್ ಬಾಟಲಿ ಥರ ಕಟ್ಟಿ, ಹೊಸ ಪೈಪಿನಲ್ಲಿ ಫೀಡ್ ಪಂಪಿಗೆ ಕೊಡಿ. ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಏರ್ ತೆಗೆದು ಒಮ್ಮೆ ಸ್ಟಾರ್ಟ್ ಮಾಡಿ ಆಫ್ ಮಾಡಿ, ದಿನಾ ನಿಲ್ಲಿಸುವ ಹಾಗೆಯೇ ಮುಖ ಮೇಲೆ ಮಾಡಿ ಬಿಡಿ. ಬೆಳಿಗ್ಗೆ ಒಂದೇ ಹೊಡೆತಕ್ಕೆ ಸ್ಟಾರ್ಟ್ ಆದರೆ ಪಂಪ್ ಸರಿ ಇದೆ, ಹೆಚ್ಚಾಗಿ ಟ್ಯಾಂಕಿನ ಕಡೆಯ ಪೈಪೇ ಕಳ್ಳ. ಆಗದಿದ್ದರೆ ಫಿಲ್ಟರಿನ ವಾಷರ್ ನೋಡಿ. ಹಳೆ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದರೆ ಅಲ್ಲೂ ಗಾಳಿ ಎಳೆಯುತ್ತದೆ.

ಹೊಸನಗರದ ಹೈದ:

ಅಜ್ಜ, ಸ್ಟಾಪ್ ಕೇಬಲ್ ಬಿಟ್ಟಿರಿ. ಎಳೆದು ಆಫ್ ಮಾಡುವ ಗಾಡಿಯಲ್ಲಿ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ನಿಂತರೂ ಡೀಸೆಲ್ ಬರುವುದಿಲ್ಲ, ಹೊಗೆಯೂ ಇಲ್ಲ. ನಮ್ಮ ಮಾವನ ಗಾಡಿಗೆ ಹಾಗೇ ಆಗಿತ್ತು, ಎರಡು ದಿನ ಏರ್ ತೆಗೆದದ್ದೇ ತೆಗೆದದ್ದು.

ಸ್ಪ್ಯಾನರ್ ಅಜ್ಜ:

ಹೌದು, ಒಳ್ಳೆ ಮಾತು. ಪಂಪಿನ ಮೇಲೆ ಆ ಕೇಬಲ್ ಎಳೆಯುವ ಲಿವರ್ ಪೂರ್ತಿ ಹಿಂದೆ ಬಂದಿದೆಯಾ ಅಂತ ಕೈಯಲ್ಲಿ ತಳ್ಳಿ ನೋಡಿ. ಆದರೆ ಇವರದ್ದು ಸಪಾಟಿನಲ್ಲಿ ಸ್ಟಾರ್ಟ್ ಆಗುತ್ತದೆ. ಕೇಬಲ್ಲಿಗೆ ಏರು ಇಳಿಜಾರು ಗೊತ್ತಾಗುವುದಿಲ್ಲ.

ತೋಟದಮನೆ:

ಮೂರು ದಿನ ಬರೆಯಲಾಗಲಿಲ್ಲ, ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಗುಡ್ಡದ ಮೇಲಿನ ಬಂಡೆ ಹತ್ತಿ ನಿಂತು ಬರೆಯುತ್ತಿದ್ದೇನೆ.

ಮೊದಲ ದಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿದೆ. ಲೆಕ್ಕ ಇಟ್ಟಿದ್ದೆ, ನಲವತ್ತು ಸಲ ಒತ್ತಿದ ಮೇಲೆ ನೊರೆ ಬಂತು, ಅಲ್ಲಿಯವರೆಗೆ ಬರೀ ಗಾಳಿ. ಬಿಗಿ ಮಾಡಿ ಸೆಲ್ಫ್ ಹೊಡೆದೆ, ತಕ್ಷಣ ಸ್ಟಾರ್ಟ್. ಖುಷಿಗೆ ಹಾರ್ನ್ ಹೊಡೆದುಬಿಟ್ಟೆ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳಿಂದ ಬೈಸಿಕೊಂಡೆ.

ಅವತ್ತು ಸಂಜೆ ಬಾಟಲಿ ಕಟ್ಟಿದೆ. ಕತ್ತಲಾಗಿತ್ತು, ಹಳೆ ರಬ್ಬರ್ ಪೈಪ್ ಬಿಚ್ಚಿ ಪಕ್ಕಕ್ಕೆ ಎಸೆದೆ, ಸರಿಯಾಗಿ ನೋಡಲಿಲ್ಲ. ಬೆಳಿಗ್ಗೆ ಗಾಡಿ ಒಂದೇ ಹೊಡೆತಕ್ಕೆ ಸ್ಟಾರ್ಟ್. ಆಮೇಲೆ ಬೆಳಕಿನಲ್ಲಿ ಆ ಪೈಪ್ ಬಗ್ಗಿಸಿ ನೋಡಿದರೆ, ಕ್ಲಿಪ್ ಕೂರುವ ಜಾಗದಲ್ಲಿ ಗದ್ದೆ ಒಣಗಿದ ಹಾಗೆ ಬಿರುಕು. ಒಂದು ಗೇಣು ಉದ್ದದ ತುಂಡು. ಚಾಸಿಯ ಕಬ್ಬಿಣದ ಪೈಪಿನಿಂದ ಫೀಡ್ ಪಂಪಿಗೆ ಬರುವುದು. ಎಂಜಿನ್ ಬಿಸಿಗೆ ಗಟ್ಟಿಯಾಗಿ ಒಡೆದಿದೆ. ಕ್ಲಿಪ್ ಕೆಳಗೆ ಇದ್ದುದರಿಂದ ಹೊರಗೆ ಕಾಣುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಫಿಲ್ಟರ್ ಬದಲಾಯಿಸುವಾಗ ನಾನೇ ಅದನ್ನು ಆಚೀಚೆ ಎಳೆದಾಡಿದ್ದೆ, ಬಹುಶಃ ಆಗಲೇ ಬಿಟ್ಟಿರಬೇಕು.

ತೀರ್ಥಹಳ್ಳಿಯಲ್ಲಿ ಡೀಸೆಲ್ ಪೈಪ್ ಅಂತಲೇ ಕೇಳಿ ತಂದೆ. ಅಂಗಡಿಯವರು ಮೊದಲು ನೀರಿನ ಪೈಪ್ ಕೊಡಲು ಹೊರಟಿದ್ದರು. ಎರಡು ಹೊಸ ಕ್ಲಿಪ್ಪೂ ಸೇರಿ ಇನ್ನೂರು ರೂಪಾಯಿ ಒಳಗೆ ಮುಗಿಯಿತು. ಟ್ಯಾಂಕ್ ತುಂಬಿಸಿದೆ, ಕ್ಯಾನ್ ಡೀಸೆಲ್ ಇನ್ನು ಟಿಲ್ಲರಿಗೂ ಹಾಕುವುದಿಲ್ಲ. ನಿನ್ನೆ, ಇವತ್ತು ಎರಡೂ ದಿನ ಮುಖ ಮೇಲೆ ಮಾಡಿಯೇ ನಿಲ್ಲಿಸಿದ್ದೆ, ತೊಂದರೆ ಇಲ್ಲ. ಕೊನೆಗಾರ ಮಾತ್ರ ಪಕ್ಕದ ಮನೆಗೆ ಹೋಗಿದ್ದಾನೆ, ಇನ್ನು ಸೋಮವಾರ.

ಘಾಟಿ ರೈಡರ್:

ಸ್ಪ್ರೇ ವಿಷಯ ವಾಪಸ್ ತಗೊಂಡೆ ಅಜ್ಜ. ನನ್ನ ಬುಲೆಟ್ಟೂ ಮಳೆ ಬಂದ ದಿನ ಸ್ಟಾರ್ಟ್ ಆಗುವುದಿಲ್ಲ, ಕೇಳಲಾ?

ಸ್ಪ್ಯಾನರ್ ಅಜ್ಜ:

ಕೇಳಿ, ಬೇರೆಯಾಗಿ ಬರೆಯಿರಿ. ಪೆಟ್ರೋಲ್ ಗಾಡಿಯ ಜಾತಕ ಬೇರೆ. ಅಷ್ಟರೊಳಗೆ ಪ್ಲಗ್ ಕ್ಯಾಪ್ ಬಿಚ್ಚಿ ಒರೆಸಿ, ಕತ್ತಲಲ್ಲಿ ಸ್ಟಾರ್ಟ್ ಮಾಡುವಾಗ ವಯರಿನ ಮೇಲೆ ಕಿಡಿ ಓಡುತ್ತದಾ ನೋಡಿಡಿ.

ತೋಟದಮನೆಯವರೇ, ಹೊಸ ರಬ್ಬರ್ ಬಿಸಿಗೆ ಸ್ವಲ್ಪ ಕೂರುತ್ತದೆ. ಎಂಟು ದಿನ ಬಿಟ್ಟು ಆ ಎರಡು ಕ್ಲಿಪ್ಪನ್ನು ಅರ್ಧ ಸುತ್ತು ಬಿಗಿ ಮಾಡಿ. ಜಾಸ್ತಿ ಬೇಡ, ರಬ್ಬರ್ ಕತ್ತರಿಸುತ್ತದೆ. ವಾಪಸ್ ಟ್ಯಾಂಕಿಗೆ ಹೋಗುವ ಸಣ್ಣ ಪೈಪೂ ಅದೇ ವಯಸ್ಸಿನದು, ಅದನ್ನೂ ಒಮ್ಮೆ ಬಗ್ಗಿಸಿ ನೋಡಿ.