ಬ್ರೌಸರ್‌ನಲ್ಲಿ ಸರಿಯಾಗಿರುವ ಡಿ3 ಚಾರ್ಟ್, ನೋಡ್‌ನಲ್ಲಿ ಓಡಿಸಿದರೆ ಖಾಲಿ

ರಾತ್ರಿಪಾಳಿ ಕೇಳಿದ್ದು

ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಡಿ3 (ಅಂಕಿಗಳನ್ನು ಚಿತ್ರವಾಗಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸಿ ನಾವೇ ಬರೆದುಕೊಂಡ ಚಾರ್ಟ್ ಮಾಡ್ಯೂಲ್ ಇದೆ. ಅಡ್ಡ ಪಟ್ಟಿಗಳು, ಎಡಗಡೆ ಕನ್ನಡದ ಲೇಬಲ್‌ಗಳು, ಕೆಳಗೆ 0ರಿಂದ 100ರವರೆಗಿನ ಮಾಪಕ, ಅಷ್ಟೆ. ಬ್ರೌಸರ್‌ನಲ್ಲಿ ಯಾವ ತಕರಾರೂ ಇಲ್ಲ. ಈಗ ಅದೇ ಚಾರ್ಟ್ ಪ್ರತಿ ರಾತ್ರಿ ಪಿಡಿಎಫ್ ವರದಿಯೊಳಗೆ ಕೂತು ಇಮೇಲ್‌ನಲ್ಲಿ ಹೋಗಬೇಕಂತೆ. ಆ ಹೊತ್ತಿನಲ್ಲಿ ಬ್ರೌಸರ್ ತೆರೆದುಕೊಂಡು ಕೂರುವವರು ಯಾರೂ ಇರುವುದಿಲ್ಲ, ಸರ್ವರ್‌ನಲ್ಲೇ ಬಿಡಿಸಬೇಕು. ಸರ್ವರ್‌ಗೆಂದು ಬೇರೆ ಲೈಬ್ರರಿಯಲ್ಲಿ ಇನ್ನೊಮ್ಮೆ ಬರೆದರೆ ಎರಡು ಪ್ರತಿಗಳನ್ನು ಸಾಕಬೇಕಾಗುತ್ತದೆ. ಅದಕ್ಕೆ ನಾನು ಸಿದ್ಧನಿಲ್ಲ.

ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಇಂಪೋರ್ಟ್ ಮಾಡಿದ ಕೂಡಲೇ ‘ವಿಂಡೋ ಈಸ್ ನಾಟ್ ಡಿಫೈನ್ಡ್’ ಎಂದಿತು. ಗ್ಲೋಬಲ್‌ಗೆ (ಎಲ್ಲ ಕೋಡ್‌ಗೂ ಕಾಣುವ ಹೆಸರುಗಳ ಜಾಗ) ಖಾಲಿ ವಿಂಡೋ ಒಂದನ್ನು ಅಂಟಿಸಿದಾಗ ಡಾಕ್ಯುಮೆಂಟ್ ಎಲ್ಲಿ ಎಂದು ಕೇಳಿತು. ಆಮೇಲೆ ನೋಡ್‌ನಲ್ಲಿ ಬ್ರೌಸರ್‌ನಂತೆ ನಟಿಸುವ ಜೆಎಸ್‌ಡಾಮ್ ಹಾಕಿ, ಅದರ ವಿಂಡೋದಲ್ಲಿರುವ ಗುಣಗಳನ್ನೆಲ್ಲ ಒಂದು ಲೂಪ್‌ನಲ್ಲಿ ಗ್ಲೋಬಲ್‌ಗೆ ನಕಲು ಮಾಡಿದೆ. ಉದ್ದದ ಲೇಬಲ್‌ಗಳನ್ನು ಕತ್ತರಿಸಲು ಪಠ್ಯದ ಅಳತೆ ಹೇಳುವ ಗೆಟ್‌ಬಿಬಾಕ್ಸ್ ಕರೆಯುವ ಸಾಲು ಮಾತ್ರ ‘ಅದು ಫಂಕ್ಷನ್ ಅಲ್ಲ’ ಎಂದು ಹಟ ಹಿಡಿಯಿತು, ಸದ್ಯಕ್ಕೆ ಅದನ್ನು ಕಾಮೆಂಟ್ ಮಾಡಿ ಇಟ್ಟಿದ್ದೇನೆ. ಅಲ್ಲಿಗೆ ಎರರ್‌ಗಳು ನಿಂತವು, ಎಸ್‌ವಿಜಿ ಚಿತ್ರದ ಫೈಲೂ ಬಂತು. ತೆರೆದು ನೋಡಿದರೆ ಒಂದೇ ಒಂದು ಪಟ್ಟಿ ಇಲ್ಲ. ಲೇಬಲ್‌ಗಳೆಲ್ಲ ಮೇಲಿನ ಎಡ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿವೆ. ಫೈಲಿನೊಳಗೆ ಇಣುಕಿದರೆ 79 ಶೇಕಡಾ ಇರುವ ಪಟ್ಟಿಗೆ ಅಗಲ −63.2, 52 ಶೇಕಡಾ ಇರುವುದಕ್ಕೆ −41.6. ಋಣ ಅಗಲ ಹೇಗೆ ಬರುತ್ತದೆ?

ಇನ್ನೊಂದು ವಿಚಿತ್ರವೂ ಇದೆ. ಅದೇ ಪ್ರೊಸೆಸ್‌ನಲ್ಲಿ ಕೋರಿಕೆ ಕಳಿಸುವ ಆಕ್ಸಿಯೋಸ್ ಲೈಬ್ರರಿ ಬಳಸಿ ಒಳಗಿನ ಎಪಿಐನಿಂದ ಅಂಕಿಗಳನ್ನು ತರುತ್ತೇವೆ. ನಿನ್ನೆಯವರೆಗೆ ಸರಿಯಿದ್ದದ್ದು ಈಗ ‘ನೆಟ್‌ವರ್ಕ್ ಎರರ್’ ಕೊಡುತ್ತಿದೆ, ಲಾಗ್‌ನಲ್ಲಿ ಕ್ರಾಸ್ ಆರಿಜಿನ್ ಎಂದೇನೋ ಗೊಣಗುತ್ತಿದೆ. ಸರ್ವರ್‌ನಿಂದ ಸರ್ವರ್‌ಗೆ ಹೋಗುವ ಕೋರಿಕೆಗೆ ಕಾರ್ಸ್ (ಬೇರೆ ತಾಣದ ಮಾಹಿತಿಯನ್ನು ಯಾವಾಗ ಓದಬಹುದೆಂಬ ಬ್ರೌಸರ್ ನಿಯಮ) ಎಲ್ಲಿಂದ ಬಂತು?

ಹಳೆಬೇರು ಉತ್ತರಿಸಿದ್ದು

ಎರಡು ಬೇರೆ ಬೇರೆ ರೋಗಗಳು. ನೆಟ್‌ವರ್ಕ್ ಎರರ್ ಮೊದಲು ನೋಡೋಣ, ಅದು ಬೇಗ ಮುಗಿಯುತ್ತದೆ.

ಆಕ್ಸಿಯೋಸ್ ಲೋಡ್ ಆಗುವಾಗ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಎಂಬ ಹೆಸರು ಕಣ್ಣಿಗೆ ಬಿದ್ದರೆ ತಾನು ಬ್ರೌಸರ್‌ನಲ್ಲಿದ್ದೇನೆ ಎಂದುಕೊಂಡು ಅದರ ಮೂಲಕವೇ ಕೋರಿಕೆ ಕಳಿಸುತ್ತದೆ. ಬೀಳದಿದ್ದರೆ ನೋಡ್‌ನ ಎಚ್‌ಟಿಟಿಪಿ ಮಾಡ್ಯೂಲ್ ಹಿಡಿಯುತ್ತದೆ. ನಿಮ್ಮ ಲೂಪ್ ಜೆಎಸ್‌ಡಾಮ್‌ನ ಆ ಸರಕನ್ನೂ ಹೊತ್ತು ತಂದು ಗ್ಲೋಬಲ್‌ನಲ್ಲಿ ಇಳಿಸಿದೆ. ಜೆಎಸ್‌ಡಾಮ್ ಮಹಾ ನಿಷ್ಠಾವಂತ, ಕಾರ್ಸ್ ನಿಯಮವನ್ನೂ ಬ್ರೌಸರ್‌ನಂತೆಯೇ ಪಾಲಿಸುತ್ತದೆ. ಯುಆರ್‌ಎಲ್ ಕೊಡದೆ ಸೃಷ್ಟಿಸಿದರೆ ಅದರ ಪುಟದ ವಿಳಾಸ ‘ಅಬೌಟ್ ಬ್ಲ್ಯಾಂಕ್’, ಆರಿಜಿನ್ ‘ನಲ್’. ಅಂಥವರಿಗೆ ಅನುಮತಿಯ ಹೆಡರ್ ಕೊಡಲು ನಿಮ್ಮ ಎಪಿಐಗೆ ಕಾರಣವೇ ಇಲ್ಲ. ಆಕ್ಸಿಯೋಸನ್ನು ಮೊದಲು ಇಂಪೋರ್ಟ್ ಮಾಡಿದರೆ ಸರಿಹೋದಂತೆ ಕಾಣುತ್ತದೆ, ಆದರೆ ಯಾರೋ ಪುಣ್ಯಾತ್ಮರು ಇಂಪೋರ್ಟ್‌ಗಳ ಕ್ರಮ ಬದಲಿಸಿದ ದಿನ ಮತ್ತೆ ಕೆಡುತ್ತದೆ. ಲೂಪನ್ನೇ ಅಳಿಸಿ. ಗ್ಲೋಬಲ್ ಎನ್ನುವುದು ಪ್ರೊಸೆಸ್‌ಗೆ ಒಂದೇ. ನಾಳೆ ಈ ಕೋಡ್ ವೆಬ್ ಸರ್ವರ್‌ನೊಳಗೆ ಸೇರಿಕೊಂಡರೆ ಎಲ್ಲ ಬಳಕೆದಾರರ ಕೋರಿಕೆಗಳೂ ಅದೇ ಒಂದು ಡಾಕ್ಯುಮೆಂಟ್‌ಗೆ ಬರೆಯುತ್ತವೆ, ಒಬ್ಬರ ಅಂಕಿ ಇನ್ನೊಬ್ಬರ ಚಾರ್ಟ್‌ಗೆ ಹೋಗುತ್ತದೆ.

ಈಗ ಪಟ್ಟಿಗಳು. 63.2ನ್ನು 0.79ರಿಂದ ಭಾಗಿಸಿ, 80 ಬರುತ್ತದೆ. 41.6ನ್ನು 0.52ರಿಂದ ಭಾಗಿಸಿದರೂ 80. ನಿಮ್ಮ ಎಡ ಮತ್ತು ಬಲ ಅಂಚುಗಳ ಮೊತ್ತ 80 ಪಿಕ್ಸೆಲ್ ಎಂದು ಪಣ ಕಟ್ಟುತ್ತೇನೆ. ಮಾಡ್ಯೂಲ್ ಮೊದಲು ಕಂಟೇನರ್‌ನ ಕ್ಲೈಂಟ್‌ವಿಡ್ತ್ ಕೇಳುತ್ತದೆ, ಜೆಎಸ್‌ಡಾಮ್ ಸೊನ್ನೆ ಎನ್ನುತ್ತದೆ, ಅದರಿಂದ ಅಂಚು ಕಳೆದರೆ −80. ಸ್ಕೇಲ್ 0ಯಿಂದ −80ಕ್ಕೆ ಓಡುತ್ತದೆ. ಎತ್ತರದ ಗತಿಯೂ ಅದೇ, ಆದ್ದರಿಂದ ಲೇಬಲ್‌ಗಳು ಮೂಲೆಯಲ್ಲಿ ರಾಶಿ ಬಿದ್ದಿವೆ.

ಜೆಎಸ್‌ಡಾಮ್ ಸುಳ್ಳು ಹೇಳುತ್ತಿಲ್ಲ. ಅದರಲ್ಲಿ ಲೇಔಟ್ ಎಂಬುದೇ ಇಲ್ಲ. ಎಚ್‌ಟಿಎಂಎಲ್ ಓದಿ ಪುಟದ ಭಾಗಗಳ ಮರ (ಡಾಮ್ ಎನ್ನುವುದು ಇದನ್ನೇ) ಕಟ್ಟುತ್ತದೆ, ಇವೆಂಟ್ ನಡೆಸುತ್ತದೆ, ಸೆಲೆಕ್ಟರ್ ಹುಡುಕುತ್ತದೆ. ಯಾವ ಪೆಟ್ಟಿಗೆ ಎಲ್ಲಿ ಕೂರುತ್ತದೆ, ಎಷ್ಟು ಅಗಲ ಎಂಬ ಲೆಕ್ಕವನ್ನು ಮಾತ್ರ ಮಾಡುವುದಿಲ್ಲ. ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಕೇಳಿದರೂ ಎಲ್ಲ ಸೊನ್ನೆ. ಗೆಟ್‌ಬಿಬಾಕ್ಸ್ ಅಂತೂ ಇಲ್ಲವೇ ಇಲ್ಲ, ಅದನ್ನು ನೀವೇ ಕಂಡಿದ್ದೀರಿ. ಇದು ಹೊಸ ಕಥೆಯೂ ಅಲ್ಲ. 2007ರಲ್ಲಿ ಜಾನ್ ರೆಸಿಗ್ ಅವರು ಜಾವಾದ ರೈನೋ ಎಂಜಿನ್ ಮೇಲೆ ಬ್ರೌಸರ್‌ನ ವೇಷ ಹಾಕಿಸಲು ಎನ್ವ್ ಜೆಎಸ್ ಬರೆದಾಗಲೂ ಸಿಕ್ಕಿದ್ದು ಮರವೇ, ಅಳತೆಯಲ್ಲ. ನೋಡ್ ಹುಟ್ಟಿದ್ದು 2009ರಲ್ಲಿ. ಸರ್ವರ್‌ನಲ್ಲಿ ಬ್ರೌಸರ್ ಕೋಡ್ ಓಡಿಸುವ ತಲೆನೋವು ಅದಕ್ಕಿಂತ ಹಳೆಯದು.

ಹಾಗಾಗಿ ಲೈಬ್ರರಿಯನ್ನು ಸರ್ವರ್‌ಗೆ ತರುವ ಮೊದಲು ಅದು ಬ್ರೌಸರ್‌ನಿಂದ ಏನು ಕೇಳುತ್ತದೆ ಎಂದು ನೋಡಬೇಕು. ಕೆಲವು ಬರೀ ಹೆಸರು ಕೇಳುತ್ತವೆ. ಲೋಡ್ ಆಗುವಾಗಲೇ ವಿಂಡೋವನ್ನು ಮುಟ್ಟಿ ಬೀಳುವ, ನಕ್ಷೆಯ ಲೈಬ್ರರಿ ಲೀಫ್‌ಲೆಟ್ ಇದಕ್ಕೆ ಉದಾಹರಣೆ. ಅದನ್ನು ಸರ್ವರ್‌ನಲ್ಲಿ ಇಂಪೋರ್ಟ್ ಮಾಡದೆ, ಪುಟ ಬ್ರೌಸರ್ ತಲುಪಿದ ಮೇಲೆ ಡೈನಾಮಿಕ್ ಆಗಿ ತಂದರೆ ಮುಗಿಯಿತು. ಕೇಟೆಕ್‌ಗೆ ಏನೂ ಬೇಡ: ಗಣಿತದ ಸ್ಟ್ರಿಂಗ್ ಕೊಟ್ಟರೆ ಎಚ್‌ಟಿಎಂಎಲ್ ಸ್ಟ್ರಿಂಗ್ ಕೊಡುತ್ತದೆ. ಎಚ್‌ಟಿಎಂಎಲ್‌ನಿಂದ ಅಪಾಯಕಾರಿ ಕೋಡ್ ತೆಗೆಯುವ ಡಾಮ್‌ಪ್ಯೂರಿಫೈಗೆ ಮರ ಬೇಕು, ಜೆಎಸ್‌ಡಾಮ್ ಜೊತೆ ಚೆನ್ನಾಗಿ ನಡೆಯುತ್ತದೆ. ಆದರೆ ಜೆಎಸ್‌ಡಾಮ್ ಆವೃತ್ತಿ ಹಳೆಯದಾಗಿದ್ದರೆ ಶುದ್ಧೀಕರಣದಲ್ಲೇ ತೂತು ಬೀಳಬಹುದು, ಎಚ್ಚರ. ಪಠ್ಯದಿಂದ ರೇಖಾಚಿತ್ರ ಬಿಡಿಸುವ ಮರ್ಮೇಡ್‌ಗೆ ಅಳತೆಯೇ ಪ್ರಾಣ, ಅದಕ್ಕಾಗಿಯೇ ಅದರ ಕಮಾಂಡ್‌ಲೈನ್ ಉಪಕರಣ ಬ್ರೌಸರನ್ನು ಕೋಡ್‌ನಿಂದ ನಡೆಸುವ ಪಪಿಟಿಯರ್ ಮೂಲಕ ನಿಜವಾದ ಬ್ರೌಸರನ್ನೇ ಎಬ್ಬಿಸುತ್ತದೆ.

ಡಿ3 ಒಂದೇ ಲೈಬ್ರರಿ ಅಲ್ಲ, ಅದೊಂದು ಕುಟುಂಬ. ಸ್ಕೇಲ್, ಶೇಪ್, ಅರೇ ಮಾಡ್ಯೂಲ್‌ಗಳು ಶುದ್ಧ ಲೆಕ್ಕ, ಡಾಮ್‌ನ ಗಾಳಿಯೂ ಬೇಡ. ಸೆಲೆಕ್ಷನ್ ಮತ್ತು ಅದನ್ನು ನಂಬಿದ ಆಕ್ಸಿಸ್‌ಗೆ ಮಾತ್ರ ಮರ ಬೇಕು. ಆ ಸೆಲೆಕ್ಷನ್‌ಗೂ ಗ್ಲೋಬಲ್ ಡಾಕ್ಯುಮೆಂಟ್ ಬೇಕಾಗುವುದು ಸೆಲೆಕ್ಟ್‌ಗೆ ನೀವು ಸ್ಟ್ರಿಂಗ್ ಕೊಟ್ಟಾಗ, ಅಥವಾ ಕ್ರಿಯೇಟ್ ಕರೆದಾಗ. ಸ್ಟ್ರಿಂಗ್ ಬದಲು ಎಲಿಮೆಂಟನ್ನೇ ಕೈಗೆ ಕೊಡಿ. ಮುಂದೆ ಅಪೆಂಡ್ ಮಾಡುವಾಗ ಅದು ಆ ಎಲಿಮೆಂಟ್‌ನ ಓನರ್‌ಡಾಕ್ಯುಮೆಂಟ್ ಯಾವುದೋ ಅದನ್ನೇ ಬಳಸುತ್ತದೆ, ಗ್ಲೋಬಲ್ ಕಡೆ ತಿರುಗಿಯೂ ನೋಡುವುದಿಲ್ಲ. ನಿಮ್ಮ ಫಂಕ್ಷನ್ ಎಲಿಮೆಂಟ್, ಅಗಲ, ಎತ್ತರ, ಅಂಕಿ ಈ ನಾಲ್ಕನ್ನು ಹೊರಗಿನಿಂದ ಪಡೆಯಲಿ. ಬ್ರೌಸರ್‌ನಲ್ಲಿ ಕ್ಲೈಂಟ್‌ವಿಡ್ತ್ ಓದಿ ಕೊಡುವುದು ಕರೆಯುವವರ ಕೆಲಸ, ಸರ್ವರ್‌ನಲ್ಲಿ ಪುಟದ ಅಳತೆ ನಿಮಗೇ ಗೊತ್ತಿರುತ್ತದೆ. ಮಾಡ್ಯೂಲ್ ಒಂದೇ ಉಳಿಯುತ್ತದೆ.

ಕಂಬಳಿಹುಳ ಉತ್ತರಿಸಿದ್ದು

ಇಷ್ಟೆಲ್ಲ ಬಿಚ್ಚಿ ಕಟ್ಟುವ ಬದಲು ಹೆಡ್‌ಲೆಸ್ ಕ್ರೋಮ್ (ಪರದೆಯ ಮೇಲೆ ಕಿಟಕಿ ತೆರೆಯದ ಕ್ರೋಮ್) ಓಡಿಸಿ. 2017ರಲ್ಲಿ ಕ್ರೋಮ್ 59ರೊಂದಿಗೆ ಬಂತು, ಅದೇ ವರ್ಷ ಪಪಿಟಿಯರ್ ಕೂಡ. ನಿಮಗೆ ಹೇಗೂ ಬೇಕಾಗಿರುವುದು ಪಿಡಿಎಫ್, ಪಪಿಟಿಯರ್‌ನಲ್ಲಿ ಅದು ಒಂದೇ ಕರೆ. ನಿಜವಾದ ಲೇಔಟ್, ನಿಜವಾದ ಅಕ್ಷರ, ಗೆಟ್‌ಬಿಬಾಕ್ಸ್ ಕಾಮೆಂಟ್ ಮಾಡುವ ಗೋಜೂ ಇಲ್ಲ.

ನಾನು ಕಲಿತ ಮೂರು ಮಾತು ಹೇಳಿಬಿಡುತ್ತೇನೆ. ಪ್ರತಿ ವರದಿಗೂ ಹೊಸ ಬ್ರೌಸರ್ ಎಬ್ಬಿಸಬೇಡಿ. ಒಂದನ್ನು ತೆರೆದಿಟ್ಟು ಟ್ಯಾಬ್‌ಗಳನ್ನು ಮಾತ್ರ ತೆರೆದು ಮುಚ್ಚಿ. ಡಾಕರ್ ಕಂಟೇನರ್‌ಗೆ ಸುಮ್ಮನೆ ಬಿಟ್ಟರೆ ಸಿಗುವ ಶೇರ್ಡ್ ಮೆಮೊರಿ 64 ಎಂಬಿ ಮಾತ್ರ, ಕ್ರೋಮ್ ಅದನ್ನು ತುಂಬಿಸಿ ಕುಸಿಯುತ್ತದೆ, ಹೆಚ್ಚಿಸಿ. ಕೊನೆಯದಾಗಿ, ಚಿಕ್ಕ ಲಿನಕ್ಸ್ ಇಮೇಜ್‌ಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ, ನಿಮ್ಮ ಲೇಬಲ್‌ಗಳೆಲ್ಲ ಖಾಲಿ ಚೌಕಗಳಾಗಿ ಬರುತ್ತವೆ. ನೋಟೋ ಸಾನ್ಸ್ ಕನ್ನಡವನ್ನು ಇಮೇಜ್‌ನೊಳಗೇ ಹಾಕಿ. ಫಾಂಟನ್ನು ವೆಬ್‌ನಿಂದ ತರುವುದಾದರೆ, ಡಾಕ್ಯುಮೆಂಟ್‌ನ ಫಾಂಟ್ಸ್ ರೆಡಿ ಪ್ರಾಮಿಸ್ ಮುಗಿಯುವವರೆಗೆ ಕಾಯದೆ ಪಿಡಿಎಫ್ ತೆಗೆಯಬೇಡಿ.

ಹಳೆಬೇರು

ಕಂಬಳಿಹುಳ ಹೇಳಿದ್ದರಲ್ಲಿ ತಪ್ಪೇನಿಲ್ಲ. ರಾತ್ರಿಗೊಮ್ಮೆ ನಡೆಯುವ ಕೆಲಸಕ್ಕೆ ಕ್ರೋಮ್ ಭಾರವಾಗುವುದಿಲ್ಲ. ನನ್ನ ಆಕ್ಷೇಪ ಒಂದೇ: ಕ್ರೋಮ್ ಹಾಕಿದ ಮೇಲೆ ಮಾಡ್ಯೂಲನ್ನು ಸರಿಪಡಿಸುವ ಒತ್ತಡ ಹೋಗುತ್ತದೆ, ಆಮೇಲೆ ಒಂದು ಸಣ್ಣ ಯೂನಿಟ್ ಟೆಸ್ಟ್‌ಗೂ ಬ್ರೌಸರ್ ಎಬ್ಬಿಸಬೇಕಾಗುತ್ತದೆ. ಅಗಲವನ್ನು ಹೊರಗಿನಿಂದ ಕೊಡುವ ಬದಲಾವಣೆಯನ್ನು ಹೇಗಿದ್ದರೂ ಮಾಡಿ, ನಂತರ ಯಾವುದರಲ್ಲಿ ಬಿಡಿಸುತ್ತೀರಿ ಎಂಬುದು ನಿಮ್ಮಿಷ್ಟ.

ನಡುಮನೆ ಉತ್ತರಿಸಿದ್ದು

ಒಂದು ಸೇರ್ಪಡೆ. ಬ್ರೌಸರ್ ಹೌದೋ ಅಲ್ಲವೋ ಎಂದು ತಿಳಿಯಲು ನ್ಯಾವಿಗೇಟರ್ ಇದೆಯೇ ಎಂದು ನೋಡುವ ಹಳೆಯ ಕೋಡ್ ನಿಮ್ಮಲ್ಲಿದ್ದರೆ ಕಿತ್ತುಹಾಕಿ. ನೋಡ್ 21ರಿಂದ ನ್ಯಾವಿಗೇಟರ್ ಅಲ್ಲೂ ಗ್ಲೋಬಲ್ ಆಗಿ ಇದೆ. ಫೆಚ್ ಅಂತೂ 18ರಿಂದಲೇ ಇದೆ. ಹೆಸರು ನೋಡಿ ಜಾತಿ ಗುರುತಿಸುವ ತಂತ್ರ ಇನ್ನು ನಡೆಯುವುದಿಲ್ಲ.

ಮತ್ತೆ, ಜೆಎಸ್‌ಡಾಮ್ ಬಳಸಿ ಮುಗಿದ ಮೇಲೆ ಅದರ ವಿಂಡೋ ಕ್ಲೋಸ್ ಮಾಡಿ. ಒಳಗಿನ ಟೈಮರ್‌ಗಳು ಜೀವಂತವಿದ್ದರೆ ಪ್ರೊಸೆಸ್ ನಿಲ್ಲುವುದೇ ಇಲ್ಲ, ಮೆಮೊರಿಯೂ ಬಿಡುಗಡೆಯಾಗುವುದಿಲ್ಲ.

ರಾತ್ರಿಪಾಳಿ

ಅಂಚುಗಳು 60 ಮತ್ತು 20! ಲೂಪ್ ಅಳಿಸಿದೆ, ಎಲಿಮೆಂಟ್ ಮತ್ತು ಅಗಲ ಹೊರಗಿನಿಂದ ಕೊಟ್ಟೆ, ಪಟ್ಟಿಗಳು ಬಂದವು, ಆಕ್ಸಿಯೋಸ್ ಕೂಡ ತೆಪ್ಪಗಾಯಿತು. ಉಳಿದಿರುವುದು ಲೇಬಲ್ ಕತ್ತರಿಸುವ ಸಾಲು. ಅದಕ್ಕೆ ಪಠ್ಯದ ಅಗಲ ಬೇಕೇ ಬೇಕು. ಅಕ್ಷರಗಳನ್ನು ಎಣಿಸಿ ಫಾಂಟ್ ಗಾತ್ರದಿಂದ ಗುಣಿಸಿದರೆ ಸಾಕಲ್ಲವೇ? ಇಚಾರ್ಟ್ಸ್ ಎಂಬ ಚಾರ್ಟ್ ಲೈಬ್ರರಿ ಕೂಡ ಸರ್ವರ್‌ನಲ್ಲಿ ಅಂದಾಜು ಮಾಡುತ್ತದೆ ಎಂದು ಓದಿದೆ.

ಹಳೆಬೇರು

ಇಚಾರ್ಟ್ಸ್ ಅಂದಾಜು ಮಾಡುವುದು ನಿಜ. 5.3ರಿಂದ ಅದು ಡಾಮ್ ಇಲ್ಲದೆಯೇ ಎಸ್‌ವಿಜಿ ಸ್ಟ್ರಿಂಗ್ ಕೊಡುತ್ತದೆ, ಅಗಲ ಎತ್ತರಗಳನ್ನು ನೀವೇ ಹೇಳಬೇಕು. ಹಾಗೆ ನೋಡಿದರೆ ಹೊಸದಾಗಿ ಶುರುಮಾಡುವವರಿಗೆ ನಾನು ಅದನ್ನೇ ಸೂಚಿಸುತ್ತಿದ್ದೆ. ಕ್ಯಾನ್ವಾಸ್ ಸಿಗದ ಕಡೆ ಅದು ಇಂಗ್ಲಿಷ್ ಅಕ್ಷರಗಳಿಗೆ ಮೊದಲೇ ಬರೆದಿಟ್ಟ ಅಗಲದ ಕೋಷ್ಟಕ ನೋಡುತ್ತದೆ, ಕೋಷ್ಟಕದಲ್ಲಿಲ್ಲದ ಪ್ರತಿ ಅಕ್ಷರಕ್ಕೂ ಪೂರ್ತಿ ಫಾಂಟ್ ಗಾತ್ರದಷ್ಟು ಅಗಲ ಎಂದು ಲೆಕ್ಕ ಹಾಕುತ್ತದೆ. ಚೀನೀ ಲಿಪಿಗೆ ಅದು ಸರಿ. ಕನ್ನಡಕ್ಕೆ ಹಾಕಿ ನೋಡಿ: ‘ಜನಸಂಖ್ಯೆ’ ಎಂಬ ಪದ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಎಂಟು: ಜ, ನ, ಸ, ಅನುಸ್ವಾರ, ಖ, ವಿರಾಮ (ಹಲಂತ ಚಿಹ್ನೆ), ಯ, ಎತ್ವ. 12 ಪಿಕ್ಸೆಲ್ ಫಾಂಟ್‌ನಲ್ಲಿ ಅಂದಾಜು 96 ಪಿಕ್ಸೆಲ್ ಆಗುತ್ತದೆ. ವಿರಾಮಕ್ಕೂ ಎತ್ವಕ್ಕೂ ಸ್ವಂತ ಜಾಗವೇ ಇಲ್ಲ, ಅವೆರಡಕ್ಕೇ 24 ಪಿಕ್ಸೆಲ್ ದಂಡ. ಅರ್ಧ ಜಾಗ ಖಾಲಿ ಇರುವಾಗಲೇ ನಿಮ್ಮ ಲೇಬಲ್‌ಗೆ ಮೂರು ಚುಕ್ಕಿ ಬೀಳುತ್ತದೆ. ಕತ್ತರಿಸುವ ಜಾಗ ವಿರಾಮದ ಪಕ್ಕಕ್ಕೆ ಬಂದರಂತೂ ‘ಖ್’ ಎಂದು ಅರ್ಧ ವ್ಯಂಜನ ನೇತಾಡುತ್ತದೆ.

ಅಳೆಯುವ ಕೆಲಸವನ್ನೂ ಅಗಲದಂತೆಯೇ ಹೊರಗಿನಿಂದ ಕೊಡಿ: ಪಠ್ಯ ಕೊಟ್ಟರೆ ಅಗಲ ಹೇಳುವ ಒಂದು ಫಂಕ್ಷನ್. ಬ್ರೌಸರ್‌ನಲ್ಲಿ ಅದರ ಒಳಗೆ ಕ್ಯಾನ್ವಾಸ್‌ನ ಮೆಷರ್‌ಟೆಕ್ಸ್ಟ್. ಸರ್ವರ್‌ನಲ್ಲಿ ನೋಡ್ ಕ್ಯಾನ್ವಾಸ್‌ನ ಮೆಷರ್‌ಟೆಕ್ಸ್ಟ್. ಅದು ಕೈರೋ (ಚಿತ್ರ ಬಿಡಿಸಲು) ಮತ್ತು ಪ್ಯಾಂಗೋ (ಅಕ್ಷರ ಜೋಡಿಸಲು) ಮೇಲೆ ನಿಂತಿರುವುದರಿಂದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿಯೇ ಅಳೆಯುತ್ತದೆ. ಎರಡೂ ಕಡೆ ಒಂದೇ ಫಾಂಟ್ ಫೈಲ್ ಇರಲಿ. ಕತ್ತರಿಸುವಾಗ ಕೋಡ್‌ಪಾಯಿಂಟ್‌ಗಳ ಮೇಲೆ ಓಡಬೇಡಿ, ಇಂಟ್ಲ್ ಸೆಗ್ಮೆಂಟರ್‌ಗೆ ಗ್ರಾಫೀಮ್ (ಕಣ್ಣಿಗೆ ಒಂದಾಗಿ ಕಾಣುವ ಅಕ್ಷರ) ಎಂದು ಹೇಳಿ ತುಂಡು ಮಾಡಿಸಿ. ಆಮೇಲೂ ತುಂಡೊಂದು ವಿರಾಮದಲ್ಲಿ ಕೊನೆಗೊಂಡರೆ ಮುಂದಿನ ತುಂಡನ್ನು ಅದಕ್ಕೇ ಅಂಟಿಸಿ, ಇಲ್ಲದಿದ್ದರೆ ಒತ್ತಕ್ಷರ ಬೇರೆಯಾಗುತ್ತದೆ.

ರಾತ್ರಿಪಾಳಿ

ನೋಡ್ ಕ್ಯಾನ್ವಾಸ್ ಹಾಕಿದೆ. ಫಾಂಟ್ ರಿಜಿಸ್ಟರ್ ಮಾಡಿದರೂ ಅಳತೆ ಬದಲಾಗುತ್ತಿಲ್ಲವಲ್ಲ?

ಹಳೆಬೇರು

ರಿಜಿಸ್ಟರ್‌ಫಾಂಟ್ ಕರೆ ಕ್ಯಾನ್ವಾಸ್ ಸೃಷ್ಟಿಸುವುದಕ್ಕಿಂತ ಮೊದಲೇ ಬರಬೇಕು. ಸಾಲುಗಳನ್ನು ಅದಲು ಬದಲು ಮಾಡಿ.