ವಿಂಡೋಸ್ 11ಕ್ಕೆ ಏರಿಸಿದ ಮೇಲೆ ವಿಡಿಯೋ ರೆಕಾರ್ಡಿಂಗ್ ಕೈಕೊಟ್ಟಿದೆ, ಏನು ಮಾಡಬೇಕು?

ಡೊಂಬಿವಲಿಯಿಂದ ಕೇಳಿದ್ದು

ಸಂಘದ ಲ್ಯಾಪ್‌ಟಾಪನ್ನು ಕಳೆದ ವಾರ ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿದೆವು. ಹ್ಯಾಂಡಿಕ್ಯಾಮಿನ ಎಚ್‌ಡಿಎಂಐ ಔಟ್‌ಪುಟ್ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ (ಕ್ಯಾಮೆರಾದ ಚಿತ್ರವನ್ನು ಲ್ಯಾಪ್‌ಟಾಪಿಗೆ ತರುವ ಸಾಧನ) ಮೂಲಕ ಒಬಿಎಸ್ ಎಂಬ ರೆಕಾರ್ಡಿಂಗ್ ಪ್ರೋಗ್ರಾಂಗೆ ಬರುತ್ತದೆ, ಭಾಗವತರ ಕಡೆಗೆ ಒಂದು ವೆಬ್‌ಕ್ಯಾಮ್, ಧ್ವನಿಗೆ ಬೇರೆ ಯುಎಸ್‌ಬಿ ಮೈಕ್. ಅಪ್‌ಗ್ರೇಡ್ ಆದಮೇಲೆ ಹ್ಯಾಂಡಿಕ್ಯಾಮಿನ ಚಿತ್ರ ತಡೆತಡೆದು ಬರುತ್ತಿದೆ. ವೆಬ್‌ಕ್ಯಾಮಿನಲ್ಲಿ ಅಡ್ಡಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತವೆ. ಮಾತಿಗೂ ತುಟಿಗೂ ತಾಳೆಯಿಲ್ಲ, ಚೆಂಡೆಯ ಪೆಟ್ಟು ಬಿದ್ದ ಕಡೆ ಧ್ವನಿಯೇ ಅಡಗುತ್ತದೆ. ವಿಡಿಯೋಸ್ ಫೋಲ್ಡರ್‌ನಲ್ಲಿ ಫೈಲ್ ಉಳಿಯಲೇ ಇಲ್ಲ. ಪೆನ್‌ಡ್ರೈವ್‌ಗೆ ಬರೆಸಿದರೆ ಮುಕ್ಕಾಲು ಗಂಟೆಗೆ ನಿಂತುಹೋಯಿತು. ಭಾನುವಾರ ಆರು ಗಂಟೆಯ ಯಕ್ಷಗಾನ ಇದೆ. ಬಲ್ಲವರು ದಾರಿ ಹೇಳಿ.

ಮಾಟುಂಗದಿಂದ

ಮಾರಾಯ್ರೆ, ಮೊದಲು ಒಂದು ಮಾತು. ಗಡಿಬಿಡಿಯಲ್ಲಿ ಒಬಿಎಸ್ ತೆಗೆದು ಮತ್ತೆ ಹಾಕಬೇಡಿ. ಯಾವುದು ಕೆಟ್ಟಿತ್ತೆಂಬ ಗುರುತೂ ಅದರ ಜೊತೆಗೇ ಹೋಗುತ್ತದೆ. ನೀವು ಹೇಳಿದ್ದು ಒಂದು ತೊಂದರೆ ಅಲ್ಲ, ಐದು. ಒಂದಕ್ಕೊಂದು ಸಂಬಂಧ ಇಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ನಿಮಿಷ ರೆಕಾರ್ಡ್ ಮಾಡಿ ನೋಡಿ, ಆಮೇಲೆ ಮುಂದಿನದು.

ಚಿತ್ರದ ತಡೆಯಿಂದ ಶುರು ಮಾಡಿ. ಒಬಿಎಸ್ ಪೂರ್ತಿ ಮುಚ್ಚಿ, ವಿಂಡೋಸ್‌ನದ್ದೇ ಕ್ಯಾಮೆರಾ ಆ್ಯಪ್ ತೆರೆದು ಕ್ಯಾಪ್ಚರ್ ಸ್ಟಿಕ್ ಆರಿಸಿ. ಅಲ್ಲಿ ಚಿತ್ರ ಸಲೀಸಾಗಿ ಬಂದರೆ ಕೇಬಲ್, ಸ್ಟಿಕ್, ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಬೆಸೆಯುವ ಪ್ರೋಗ್ರಾಂ) ಮೂರೂ ಸರಿ ಉಂಟು ಎಂದರ್ಥ. ಅಲ್ಲಿ ಚಿತ್ರವೇ ಬಾರದೆ 4243ರಲ್ಲಿ ಮುಗಿಯುವ ಎರರ್ ಕೋಡ್ ಬಂದರೆ ಬೇರೊಂದು ಪ್ರೋಗ್ರಾಂ ಕ್ಯಾಮೆರಾವನ್ನು ಹಿಡಿದುಕೊಂಡಿದೆ. 4244ರಲ್ಲಿ ಮುಗಿದರೆ ವಿಂಡೋಸ್‌ಗೆ ಕ್ಯಾಮೆರಾ ಸಿಕ್ಕೇ ಇಲ್ಲ.

ಈಗ ಒಬಿಎಸ್ ತೆರೆದು ವ್ಯೂ ಮೆನುವಿನಲ್ಲಿ ಸ್ಟ್ಯಾಟ್ಸ್ ನೋಡಿ. ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಗ್ರಾಫಿಕ್ಸ್‌ಗೆ ಭಾರ ಹೆಚ್ಚಾಗಿದೆ. ಎನ್‌ಕೋಡಿಂಗ್ ಲ್ಯಾಗ್ ಏರುತ್ತಿದ್ದರೆ ಚಿತ್ರವನ್ನು ಒತ್ತಿ ಫೈಲ್ ಮಾಡುವ ಎನ್‌ಕೋಡರ್ ಹಿಂದೆ ಬೀಳುತ್ತಿದೆ. ಎರಡೂ ಸೊನ್ನೆ ಇದ್ದೂ ಚಿತ್ರ ತಡೆಯುತ್ತಿದ್ದರೆ ಒಬಿಎಸ್‌ಗೆ ಫ್ರೇಮ್‌ಗಳೇ (ವಿಡಿಯೋದ ಬಿಡಿ ಚಿತ್ರಗಳೇ) ಕಡಿಮೆ ಬರುತ್ತಿವೆ. ನಿಮ್ಮದು ಇದೇ ಮೂರನೆಯದು ಎಂದು ನನ್ನ ಅಂದಾಜು.

ಕಾರಣ ಸರಳ ಲೆಕ್ಕ. 1920 × 1080 ಚಿತ್ರವನ್ನು ವೈಯುವೈ2 ಎಂಬ ಒತ್ತಿ ಚಿಕ್ಕದಾಗಿಸದ ರೂಪದಲ್ಲಿ ಕಳಿಸಿದರೆ ಒಂದು ಪಿಕ್ಸೆಲ್‌ಗೆ 2 ಬೈಟ್, ಸೆಕೆಂಡಿಗೆ 30 ಫ್ರೇಮ್, ಒಟ್ಟು ಸುಮಾರು 124 ಮೆಗಾಬೈಟ್. ಯುಎಸ್‌ಬಿ 2.0 ದಾರಿಯಲ್ಲಿ ಕಾಗದದ ಮೇಲೆ 60, ನಿಜದಲ್ಲಿ 40ರ ಆಸುಪಾಸು ಹೋಗುತ್ತದೆ. ಅದಕ್ಕೇ ಅಗ್ಗದ ಸ್ಟಿಕ್‌ಗಳು ವೈಯುವೈ2ನಲ್ಲಿ ಪೂರ್ತಿ ಅಳತೆಯ ಚಿತ್ರವನ್ನು ಸೆಕೆಂಡಿಗೆ ಐದೇ ಫ್ರೇಮ್‌ನಂತೆ ಕೊಡುತ್ತವೆ. ಎಂಜೆಪೆಗ್‌ನಲ್ಲಿ ಒತ್ತಿ ಕಳಿಸಿದರೆ 30 ಬರುತ್ತದೆ. ಡ್ರೈವರ್ ಹೊಸದಾಗಿ ಕೂತಾಗ, ಅಥವಾ ಸ್ಟಿಕ್ಕನ್ನು ಬೇರೆ ಪೋರ್ಟ್‌ಗೆ ಚುಚ್ಚಿದಾಗ ಹಳೆಯ ಆಯ್ಕೆ ಹೋಗಿ ಡಿಫಾಲ್ಟ್ ಬಂದು ಕೂರುವುದುಂಟು. ಸೋರ್ಸ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಪ್ರಾಪರ್ಟೀಸ್ ತೆರೆಯುತ್ತದೆ. ಅಲ್ಲಿ ರೆಸಲ್ಯೂಷನ್ ಟೈಪ್ ಕಸ್ಟಮ್, ರೆಸಲ್ಯೂಷನ್ 1920 × 1080, ಫ್ರೇಮ್ ರೇಟ್ 30, ವಿಡಿಯೋ ಫಾರ್ಮ್ಯಾಟ್ ಎಂಜೆಪೆಗ್ ಎಂದು ನೀವೇ ಆರಿಸಿ. ಎನಿ ಎಂದು ಬಿಟ್ಟರೆ ಕಂಪ್ಯೂಟರ್ ತನಗೆ ತೋಚಿದ್ದು ಮಾಡುತ್ತದೆ.

ಸ್ಟಿಕ್, ವೆಬ್‌ಕ್ಯಾಮ್ ಎರಡನ್ನೂ ಒಂದೇ ಹಬ್‌ಗೆ ಚುಚ್ಚಬೇಡಿ. ಲ್ಯಾಪ್‌ಟಾಪಿನ ಎಡಕ್ಕೊಂದು ಬಲಕ್ಕೊಂದು ಹಾಕಿ.

ಗೋರೆಗಾಂವ್‌ನಿಂದ

ಮಾಟುಂಗದವರು ಹೇಳಿದ್ದರ ಜೊತೆಗೆ, ಎನ್‌ಕೋಡಿಂಗ್ ಲ್ಯಾಗ್ ಕಂಡರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದು ನೋಡಿ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ನಿಜವಾದ ಗ್ರಾಫಿಕ್ಸ್ ಡ್ರೈವರ್ ಅಪ್‌ಗ್ರೇಡ್‌ನಲ್ಲಿ ಕಳಚಿದೆ. ಆಗ ಹಾರ್ಡ್‌ವೇರ್ ಎನ್‌ಕೋಡರ್ ಸಿಗುವುದಿಲ್ಲ, ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಫ್ಯಾನ್ ಜೋರಾಗಿ ಕೂಗುತ್ತದೆ. ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಜಾಲತಾಣದಿಂದ ನಿಮ್ಮ ಮಾಡೆಲ್ ನಂಬರಿನ ಡ್ರೈವರನ್ನೇ ಇಳಿಸಿ. ಹಾಕಿದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿ ಗ್ರಾಫಿಕ್ಸ್ ಆರಿಸಿ. ರೆಕಾರ್ಡಿಂಗ್ ನಡೆಯುವಾಗ ವಿಡಿಯೋ ಎನ್‌ಕೋಡ್ ಎಂಬ ಗೆರೆ ಮೇಲೇಳಬೇಕು. ಏಳದಿದ್ದರೆ ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಎನ್‌ಕೋಡರ್ ಇನ್ನೂ ಪ್ರೊಸೆಸರ್ ಮೇಲೆ ಓಡುವ ಎಕ್ಸ್264 ಎಂದೇ ಇದೆ.

ಪುಣೆ, ಕೋಥ್ರೂಡ್‌ನಿಂದ

ಧ್ವನಿಯ ವಿಷಯ ನಾನು ಹೇಳ್ತೀನಿ ಸರ್. ಚಿತ್ರ ಸರಿಯಾಗುವ ತನಕ ತುಟಿ-ಮಾತಿನ ತಾಳೆ ನೋಡಲು ಹೋಗಬೇಡಿ. ಸೆಕೆಂಡಿಗೆ ಐದು ಫ್ರೇಮ್ ಅಂದರೆ ಒಂದೊಂದು ಫ್ರೇಮ್ 0.2 ಸೆಕೆಂಡ್ ಪರದೆಯ ಮೇಲೆ ನಿಂತಿರುತ್ತದೆ. ಧ್ವನಿ ಎಷ್ಟೇ ಸರಿ ಇದ್ದರೂ ಅದು ತಪ್ಪಾಗಿಯೇ ಕಾಣುತ್ತದೆ.

ಚೆಂಡೆ ಅಡಗುವುದಕ್ಕೆ ಉತ್ತರ ಖಚಿತವಾಗಿ ಹೇಳಬಹುದು. ಅಪ್‌ಗ್ರೇಡ್ ಆದಾಗ ಮೈಕಿಗೆ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಮತ್ತೆ ಆನ್ ಆಗಿರುತ್ತದೆ. ಅದರಲ್ಲಿನ ನಾಯ್ಸ್ ಸಪ್ರೆಷನ್ ಮನುಷ್ಯರ ಮಾತನ್ನು ಉಳಿಸಿ ಉಳಿದದ್ದನ್ನು ಗದ್ದಲವೆಂದು ಒರೆಸಲು ಮಾಡಿದ್ದು. ಚೆಂಡೆಯ ಚಟಪಟ ಅದಕ್ಕೆ ಮೇಜಿನ ಮೇಲೆ ಪಾತ್ರೆ ಬಿದ್ದಂತೆ. ಪೆಟ್ಟು ಬಿದ್ದ ಕೂಡಲೇ ಇಡೀ ಧ್ವನಿಯನ್ನು ಅದುಮುತ್ತದೆ, ಜೊತೆಗೆ ಭಾಗವತರ ಆಲಾಪದ ಬಾಲವೂ ಹೋಗುತ್ತದೆ. ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್, ಇನ್‌ಪುಟ್‌ನಲ್ಲಿ ನಿಮ್ಮ ಮೈಕ್ ಒತ್ತಿ, ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಒಬಿಎಸ್‌ನಲ್ಲಿ ಆ ಮೈಕಿಗೆ ನಾಯ್ಸ್ ಸಪ್ರೆಷನ್ ಫಿಲ್ಟರ್ ಹಾಕಿದ್ದರೆ ಅದನ್ನೂ ತೆಗೆಯಿರಿ. ಜೂಮ್ ಸಭೆಗೆ ಅದು ಒಳ್ಳೆಯದು, ಹಿಮ್ಮೇಳಕ್ಕೆ ಬೇಡವೇ ಬೇಡ.

ಇನ್ನು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಎಂಬುದು. ಸೌಂಡ್ ಪುಟದ ಕೊನೆಯಲ್ಲಿ ಮೋರ್ ಸೌಂಡ್ ಸೆಟ್ಟಿಂಗ್ಸ್ ಇದೆ. ಅದರ ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಮೈಕಿನ ಪ್ರಾಪರ್ಟೀಸ್, ಅಡ್ವಾನ್ಸ್‌ಡ್. ಅಲ್ಲಿ 44,100 ಎಂದಿದ್ದರೆ 48,000 ಮಾಡಿ. ಒಬಿಎಸ್‌ನ ಆಡಿಯೋ ಸೆಟ್ಟಿಂಗ್‌ನಲ್ಲೂ 48 ಕಿಲೋಹರ್ಟ್ಸ್ ಇರಲಿ.

ಆಮೇಲೆ ಚಪ್ಪಾಳೆ ಪರೀಕ್ಷೆ. ಕ್ಯಾಮೆರಾದ ಮುಂದೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಒಂದು ಗಂಟೆ ಬಿಟ್ಟು ಮತ್ತೊಮ್ಮೆ. ಎರಡು ಕಡೆಯೂ ಧ್ವನಿ ಒಂದೇ ಅಳತೆಯಷ್ಟು ಹಿಂದೆ ಇದ್ದರೆ ಸುಲಭ. ಅಡ್ವಾನ್ಸ್‌ಡ್ ಆಡಿಯೋ ಪ್ರಾಪರ್ಟೀಸ್‌ನ ಸಿಂಕ್ ಆಫ್‌ಸೆಟ್‌ನಲ್ಲಿ ಅಷ್ಟು ಮಿಲಿಸೆಕೆಂಡನ್ನು ಮೈನಸ್ ಗುರುತಿನೊಂದಿಗೆ ಹಾಕಿದರೆ ಮುಗಿಯಿತು. ಅಂತರ ಬೆಳೆಯುತ್ತಾ ಹೋದರೆ ಮೈಕಿನ ಗಡಿಯಾರವೂ ಕ್ಯಾಮೆರಾದ ಗಡಿಯಾರವೂ ಬೇರೆ ಬೇರೆ ಓಡುತ್ತಿವೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡ್, ಆರು ಗಂಟೆಯ ಪ್ರಸಂಗದ ಕೊನೆಗೆ ಒಂದು ಸೆಕೆಂಡ್ ದಾಟುತ್ತದೆ. ಇದಕ್ಕೆ ನಾನು ಒಪ್ಪುವ ಪರಿಹಾರ ಒಂದೇ: ಸೌಂಡ್ ಮಿಕ್ಸರ್‌ನ ತಂತಿಯನ್ನು ಹ್ಯಾಂಡಿಕ್ಯಾಮಿನ ಮೈಕ್ ಸಾಕೆಟ್ಟಿಗೇ ಕೊಡಿ. ಆಗ ಚಿತ್ರ-ಧ್ವನಿ ಒಂದೇ ಎಚ್‌ಡಿಎಂಐನಲ್ಲಿ ಜೊತೆಯಾಗಿ ಬರುತ್ತವೆ. ಮಿಕ್ಸರ್‌ನದ್ದು ಲೈನ್ ಲೆವೆಲ್, ಕ್ಯಾಮೆರಾದ ಸಾಕೆಟ್ ಮೈಕ್ ಲೆವೆಲ್. ನಡುವೆ ಅಟೆನ್ಯುಯೇಟರ್ (ಸಿಗ್ನಲ್ಲಿನ ಜೋರು ತಗ್ಗಿಸುವ ಭಾಗ) ಇರುವ ಕೇಬಲ್ ಬೇಕೇ ಬೇಕು, ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಆಡಿಯೋ ಅಂಗಡಿಗಳಲ್ಲಿ ಕೇಳಿ.

ಹೆಲ್ಪ್ ಮೆನುವಿನಲ್ಲಿ ಲಾಗ್ ಫೈಲ್ಸ್ ತೆರೆದು ಮ್ಯಾಕ್ಸ್ ಆಡಿಯೋ ಬಫರಿಂಗ್ ರೀಚ್ಡ್ ಎಂಬ ಸಾಲು ಇದೆಯೇ ಹುಡುಕಿ. ಇದ್ದರೆ ಯಾವುದೋ ಒಂದು ಧ್ವನಿ ಸಾಧನ ತಪ್ಪು ಸಮಯ ಕೊಡುತ್ತಿದೆ. ಆಡಿಯೋ ಸೆಟ್ಟಿಂಗ್‌ನಲ್ಲಿ ಬಳಸದ ಸಾಧನಗಳನ್ನೆಲ್ಲ ಡಿಸೇಬಲ್ಡ್ ಮಾಡಿ.

ಘಾಟ್ಕೋಪರ್‌ನಿಂದ

ಪೆನ್‌ಡ್ರೈವ್ ಮುಕ್ಕಾಲು ಗಂಟೆಗೆ ನಿಂತದ್ದೇ ಸಾಕ್ಷಿ. ಅದು ಫ್ಯಾಟ್32 ಎಂಬ ಹಳೆಯ ಫೈಲ್ ಸಿಸ್ಟಂನಲ್ಲಿ ಫಾರ್ಮ್ಯಾಟ್ ಆಗಿದೆ, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. 12 ಮೆಗಾಬಿಟ್ ಬಿಟ್‌ರೇಟ್‌ನಲ್ಲಿ 4 ಜಿಬಿ ತುಂಬಲು ಸುಮಾರು 47 ನಿಮಿಷ. ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಂ ನೋಡಿ, ಒಳಗಿನದ್ದನ್ನು ಬೇರೆ ಕಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಆದರೂ ಆರು ಗಂಟೆಯ ಕಾರ್ಯಕ್ರಮವನ್ನು ಪೆನ್‌ಡ್ರೈವ್ ಮೇಲೆ ನಂಬಿ ಬಿಡಬೇಡಿ. ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಇದ್ದರೆ ಅದೇ ಸರಿ. ಗಂಟೆಗೆ 5.4 ಜಿಬಿ, ಆರು ಗಂಟೆಗೆ 32 ಜಿಬಿ ಚಿಲ್ಲರೆ. 60 ಜಿಬಿ ಖಾಲಿ ಇರಲಿ.

ವಿಡಿಯೋಸ್ ಫೋಲ್ಡರ್‌ನಲ್ಲಿ ಫೈಲ್ ಉಳಿಯದ್ದಕ್ಕೆ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಆನ್ ಇದೆಯೇ ನೋಡಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್ ಫೋಲ್ಡರ್‌ಗಳಿಗೆ ಪರಿಚಯವಿಲ್ಲದ ಪ್ರೋಗ್ರಾಂ ಬರೆಯದಂತೆ ಅದು ತಡೆಯುತ್ತದೆ. ವಿಂಡೋಸ್ ಸೆಕ್ಯೂರಿಟಿ, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ರ್‍ಯಾನ್ಸಮ್‌ವೇರ್ ಪ್ರೊಟೆಕ್ಷನ್‌ಗೆ ಹೋಗಿ. ಅದನ್ನು ಪೂರ್ತಿ ಆಫ್ ಮಾಡುವುದು ಬೇಡ. ಅಲೋ ಆ್ಯನ್ ಆ್ಯಪ್‌ನಲ್ಲಿ ಒಬಿಎಸ್64 ಸೇರಿಸಿ. ಅಥವಾ ಡಿ ಡ್ರೈವಿನಲ್ಲಿ ಹೊಸ ಫೋಲ್ಡರ್ ಮಾಡಿ ರೆಕಾರ್ಡಿಂಗ್ ಪಾತ್‌ನಲ್ಲಿ ಅದನ್ನೇ ಕೊಡಿ. ಒನ್‌ಡ್ರೈವ್ ಬ್ಯಾಕಪ್‌ಗೆ ಸೇರಿದ ಫೋಲ್ಡರ್ ಅಂತೂ ಬೇಡ, ಬರೆಯುತ್ತಿರುವಾಗಲೇ ಮೇಲಕ್ಕೆ ಕಳಿಸಲು ಹೊರಡುತ್ತದೆ.

ರೆಕಾರ್ಡಿಂಗ್ ಫಾರ್ಮ್ಯಾಟ್ ಎಂಕೆವಿ ಇರಲಿ. ಸಾಮಾನ್ಯ ಎಂಪಿ4 ಫೈಲಿಗೆ ಕೊನೆಯಲ್ಲಿ ಸೂಚಿ ಬರೆದರೆ ಮಾತ್ರ ಜೀವ. ನಡುವೆ ಕರೆಂಟ್ ಹೋದರೆ ಇಡೀ ಫೈಲ್ ತೆರೆಯುವುದಿಲ್ಲ. ಎಂಕೆವಿಯಲ್ಲಿ ಹೋದ ಕ್ಷಣದವರೆಗಿನದ್ದು ಉಳಿಯುತ್ತದೆ. ಮುಗಿದ ಮೇಲೆ ಫೈಲ್ ಮೆನುವಿನ ರೀಮಕ್ಸ್ ರೆಕಾರ್ಡಿಂಗ್ಸ್‌ನಲ್ಲಿ ಎಂಪಿ4 ಮಾಡಿಕೊಳ್ಳಿ, ಗುಣಮಟ್ಟ ಕುಂದುವುದಿಲ್ಲ. ಅಡ್ವಾನ್ಸ್‌ಡ್ ಔಟ್‌ಪುಟ್‌ನಲ್ಲಿ ಆಟೋಮ್ಯಾಟಿಕ್ ಫೈಲ್ ಸ್ಪ್ಲಿಟಿಂಗ್ ಇದೆ, 60 ನಿಮಿಷಕ್ಕೊಂದು ಫೈಲ್ ಎಂದು ಇಡಿ.

ಪಿಂಪ್ರಿಯಿಂದ

ಅಡ್ಡಪಟ್ಟಿ: ನಮ್ಮ ಕರೆಂಟ್ 50 ಹರ್ಟ್ಸ್, ವೆಬ್‌ಕ್ಯಾಮ್ 60ಕ್ಕೆ ಹೋಗಿದೆ. ಕಂಪನಿಯ ಡ್ರೈವರ್ ಹೋಗಿ ವಿಂಡೋಸ್‌ನ ಸಾಮಾನ್ಯ ಡ್ರೈವರ್ ಬಂದಾಗ ಹೀಗಾಗುವುದು ಹೆಚ್ಚು. ಒಬಿಎಸ್‌ನಲ್ಲಿ ವೆಬ್‌ಕ್ಯಾಮ್ ಸೋರ್ಸಿನ ಪ್ರಾಪರ್ಟೀಸ್, ಕಾನ್ಫಿಗರ್ ವಿಡಿಯೋ, ಅಲ್ಲಿ ಪವರ್‌ಲೈನ್ ಫ್ರೀಕ್ವೆನ್ಸಿ 50 ಮಾಡಿ. ಹ್ಯಾಂಡಿಕ್ಯಾಮಿನಲ್ಲೂ ಪಟ್ಟಿ ಕಂಡರೆ ಶಟರ್ 1/50. ರಂಗದ ಅಗ್ಗದ ಎಲ್‌ಇಡಿ ಲೈಟನ್ನು ಡಿಮ್ ಮಾಡಿದಾಗ ಬರುವ ಪಟ್ಟಿಗೆ ಇದು ಸಾಲದು, ಲೈಟನ್ನೇ ಪೂರ್ತಿ ಬೆಳಗಿಸಬೇಕು.

ಗೋವಾ, ವಾಸ್ಕೋದಿಂದ

ಸ್ಟಿಕ್ ಡಿವೈಸ್ ಮ್ಯಾನೇಜರ್‌ನ್ಯಾಗ ಹಳದಿ ತ್ರಿಕೋನ ತೋರಿಸಾಕತ್ತಿದ್ರ ಇದನ್ನ ನೋಡ್ರಿ. ವಿಂಡೋಸ್ ಸೆಕ್ಯೂರಿಟಿ ಒಳಗ ಡಿವೈಸ್ ಸೆಕ್ಯೂರಿಟಿ, ಕೋರ್ ಐಸೊಲೇಷನ್, ಅಲ್ಲಿ ಮೆಮೊರಿ ಇಂಟೆಗ್ರಿಟಿ ಅಂತ ಐತಿ. ಅದು ಆನ್ ಇದ್ರ ಹಳೇ ಡ್ರೈವರ್ ಲೋಡ್ ಆಗಂಗಿಲ್ಲ. ವಿಎಚ್‌ಎಸ್ ಕ್ಯಾಸೆಟ್ ಇಳಿಸೋ ಹಳೇ ಕ್ಯಾಪ್ಚರ್ ಕಾರ್ಡಿಗೆ ಈ ತ್ರಾಸು ಭಾಳ. ಅದನ್ನ ಆಫ್ ಮಾಡಿದ್ರ ಕಾರ್ಡ್ ನಡೀಬಹುದು, ಆದ್ರ ಸಂಘದ ಹಣಕಾಸು ವ್ಯವಹಾರ ಅದೇ ಲ್ಯಾಪ್‌ಟಾಪ್‌ನ್ಯಾಗ ನಡದಿದ್ರ ಆಫ್ ಮಾಡ್ಬ್ಯಾಡ್ರಿ. ಯುವಿಸಿ ಅಂತ ಬರೆದಿರೋ ಸ್ಟಿಕ್ ತಗೊಳ್ರಿ, ಅದಕ್ಕ ಬ್ಯಾರೆ ಡ್ರೈವರೇ ಬೇಕಿಲ್ಲ.

ಹಳೇ ಮಿನಿಡಿವಿ ಟೇಪ್ ಇಟ್ಟುಕೊಂಡವರಿಗೂ ಒಂದು ಮಾತು. ಒಂದು ತಾಸಿನ ಟೇಪಿಗೆ 13 ಜಿಬಿ ಆಗತೈತಿ, ಟೇಪ್ ಓಡಿದಷ್ಟೇ ಹೊತ್ತು ಹಿಡೀತೈತಿ. ಆ ಕ್ಯಾಮೆರಾಕ್ಕ ಫೈರ್‌ವೈರ್ ಅನ್ನೋ ಹಳೇ ಕೇಬಲ್ ಜೋಡಣಿ ಬೇಕು. ಆಪಲ್ 2025ರ ಮ್ಯಾಕ್‌ಓಎಸ್ ಟಾಹೋದಾಗ ಫೈರ್‌ವೈರ್ ಬೆಂಬಲಾನ ತಗದಾರ. ಹಳೇ ಮ್ಯಾಕ್ ಇದ್ರ ಟೇಪ್ ಎಲ್ಲಾ ಇಳಿಸೋ ತನಕ ಅಪ್‌ಗ್ರೇಡ್ ಮಾಡ್ಬ್ಯಾಡ್ರಿ.

ಅಂಧೇರಿಯಿಂದ

ಚಿತ್ರ ಪೂರ್ತಿ ಕಪ್ಪಾಗಿದ್ದರೆ ಪ್ರೈವಸಿ ನೋಡಿ. ಕ್ಯಾಮೆರಾ ಪುಟದಲ್ಲಿ ಮೂರು ಹಂತದ ಸ್ವಿಚ್‌ಗಳಿವೆ. ಕೆಳಗಿನ ಲೆಟ್ ಡೆಸ್ಕ್‌ಟಾಪ್ ಆ್ಯಪ್ಸ್ ಎಂಬುದು ಆನ್ ಇಲ್ಲದಿದ್ದರೆ ಕ್ಯಾಮೆರಾ ಆ್ಯಪ್ ನಡೆದರೂ ಒಬಿಎಸ್ ನಡೆಯುವುದಿಲ್ಲ. ಮೈಕಿಗೂ ಹೀಗೆಯೇ.

ಆನ್‌ಲೈನ್ ಕನ್ನಡ ತರಗತಿಗಾಗಿ ಪರದೆಯನ್ನೇ ರೆಕಾರ್ಡ್ ಮಾಡುವವರಿಗೆ ಕಪ್ಪು ಬಂದರೆ ಕಾರಣ ಬೇರೆ. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಇದ್ದು ಪರದೆ ಒಂದರಲ್ಲಿ, ಒಬಿಎಸ್ ಇನ್ನೊಂದರಲ್ಲಿ ಓಡುತ್ತಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನ ಗ್ರಾಫಿಕ್ಸ್ ಪುಟದಲ್ಲಿ ಒಬಿಎಸ್‌ಗೆ ಪವರ್ ಸೇವಿಂಗ್ ಕೊಡಿ.

ಡೊಂಬಿವಲಿಯಿಂದ ಮತ್ತೆ

ಎಂಜೆಪೆಗ್ ಮಾಡಿದ ಕೂಡಲೇ ಚಿತ್ರ ಸಲೀಸಾಯಿತು, ಚೆಂಡೆಯೂ ಮರಳಿತು. ಪೆನ್‌ಡ್ರೈವ್ ಫ್ಯಾಟ್32 ಎಂದೇ ತೋರಿಸಿತು. ಎಲ್ಲರಿಗೂ ಉಪಕಾರವಾಯಿತು. ಅಷ್ಟಾಗಿಯೂ ಸಮಿತಿಯ ಹಿರಿಯರು ವಿಂಡೋಸ್ 10ಕ್ಕೇ ಮರಳೋಣ ಎನ್ನುತ್ತಿದ್ದಾರೆ. ಮರಳಬಹುದೇ?

ಮಾಟುಂಗದಿಂದ

ಅಪ್‌ಗ್ರೇಡ್ ಆಗಿ 10 ದಿನದೊಳಗೆ ರಿಕವರಿ ಪುಟದಲ್ಲಿ ಗೋ ಬ್ಯಾಕ್ ಇರುತ್ತದೆ. ನೀವು ಇನ್ನೂ ಆ ಗಡುವಿನೊಳಗೇ ಇರಬಹುದು, ಆದರೆ ಭಾನುವಾರಕ್ಕೆ ಮುಂಚೆ ಬೇಡ. ಮರಳಿದರೆ ಡ್ರೈವರ್‌ಗಳು ಮತ್ತೊಮ್ಮೆ ಬದಲಾಗುತ್ತವೆ, ಈಗ ಮಾಡಿದ ಪರೀಕ್ಷೆಯೆಲ್ಲ ಮೊದಲಿಂದ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಶನಿವಾರ ಸಂಜೆ ಅದೇ ಕೇಬಲ್, ಅದೇ ಪೋರ್ಟ್, ಚಾರ್ಜರ್ ಚುಚ್ಚಿಟ್ಟು ಎರಡು ಗಂಟೆ ಓಡಿಸಿ. ಸಂಪರ್ಕ ನಡುವೆ ಕಳಚಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತು ತೆಗೆಯಿರಿ. ವಿಂಡೋಸ್ ಅಪ್‌ಡೇಟ್‌ನಲ್ಲಿ ಒಂದು ವಾರಕ್ಕೆ ಪಾಜ್ ಒತ್ತಿ. ಪೋರ್ಟ್‌ಗಳ ಪಕ್ಕ ಸಣ್ಣ ಚೀಟಿ ಅಂಟಿಸಿ, ಎಡಕ್ಕೆ ಹ್ಯಾಂಡಿಕ್ಯಾಮ್, ಬಲಕ್ಕೆ ವೆಬ್‌ಕ್ಯಾಮ್. ಭಾನುವಾರ ಬೇರೆಯವರು ಬಂದು ಚುಚ್ಚಿದರೂ ತಪ್ಪಬಾರದು.