ಡಿಸಿ ಸಾಹೇಬರು ಓಟು ಕೇಳಲು ಬಂದರೆ ಹಾಕುತ್ತೀರಾ?

ಕುಕ್ಕರಹಳ್ಳಿ ವಾಕರ್:
ಇವತ್ತು ಬೆಳಗ್ಗೆ ಕೆರೆ ಏರಿ ಮೇಲೆ ನಾವು ನಾಲ್ಕು ಜನ ಹಳೇ ಗೆಳೆಯರು ನಡೆದದ್ದು ಒಂದೇ ಸುತ್ತು. ಉಳಿದ ಹೊತ್ತೆಲ್ಲ ಜಗಳ. ಕಾರಣ ಜಯಪ್ರಕಾಶ್ ನಾರಾಯಣ್. ತುರ್ತು ಪರಿಸ್ಥಿತಿ ಕಾಲದ ಜೆಪಿ ಅಲ್ಲ, ಆಂಧ್ರದ ಲೋಕಸತ್ತಾ ಜೆಪಿ. ಗೊತ್ತಿಲ್ಲದವರಿಗೆ ಎರಡು ಮಾತು. ಓದಿದ್ದು ಡಾಕ್ಟರಿಕೆ. 1980ರಲ್ಲಿ ಐಎಎಸ್ ಸೇರಿದರು. 1996ರಲ್ಲಿ ಕೆಲಸ ಬಿಟ್ಟು ಲೋಕಸತ್ತಾ ಚಳವಳಿ ಕಟ್ಟಿದರು. 2006ರಲ್ಲಿ ಅದು ಪಕ್ಷವಾಯಿತು, ಗುರುತು ಸೀಟಿ. 2009ರ ವಿಧಾನಸಭೆ ಚುನಾವಣೆಯಲ್ಲಿ ಇಡೀ ಪಕ್ಷ ಗೆದ್ದದ್ದು ಒಂದೇ ಕ್ಷೇತ್ರ, ಹೈದರಾಬಾದಿನ ಕೂಕಟ್‌ಪಲ್ಲಿ. ಗೆದ್ದವರು ಇವರೇ. 2014ರಲ್ಲಿ ಮಲ್ಕಾಜ್‌ಗಿರಿಯಿಂದ ಲೋಕಸಭೆಗೆ ನಿಂತು ಸೋತರು. ಈಗ ಲೇಖನ, ಭಾಷಣ, ಟಿವಿ ಚರ್ಚೆ.

ಇಷ್ಟು ಓದಿದ, ಕೈ ಶುದ್ಧ ಇರುವ ಮನುಷ್ಯ ಮಂಡ್ಯದಲ್ಲೋ ಮೈಸೂರಿನಲ್ಲೋ ನಿಂತರೆ ಓಟು ಹಾಕುತ್ತೀರಾ? ನನ್ನ ಓಟಂತೂ ಖಂಡಿತ.

ಕಬ್ಬಿನಗದ್ದೆ:
ನೀವು ಹಾಕಿ ಸಾರ್, ನಾನು ಹಾಕುವುದಿಲ್ಲ. ಡಿಸಿ ಬರುತ್ತಾರೆ, ಎರಡು ವರ್ಷಕ್ಕೆ ಟ್ರಾನ್ಸ್‌ಫರ್ ಆಗುತ್ತಾರೆ. ನಮ್ಮ ಎಂಎಲ್‌ಎ ಎಂಥವನೇ ಇರಲಿ, ನಮ್ಮಪ್ಪನ ತಿಥಿಗೆ ಬಂದಿದ್ದ, ತಂಗಿ ಮದುವೆಯ ಬೀಗರೂಟದಲ್ಲಿ ಕೂತು ಉಂಡಿದ್ದ. ನಾಲೆಗೆ ನೀರು ಬಿಡದಿದ್ದರೆ ಅವನ ಮನೆ ಮುಂದೆ ನಿಂತು ಬೈಯಬಹುದು. ಡಿಸಿ ಕಚೇರಿ ಮುಂದೆ ನಿಂತು ಬೈದರೆ ಪೊಲೀಸರು ಬರುತ್ತಾರೆ.

ಕುಕ್ಕರಹಳ್ಳಿ ವಾಕರ್:
ತಿಥಿಗೆ ಬಂದ ಅಂತ ಓಟಾ? ನಾಡು ಹೀಗಾಗಿರುವುದು ಇದರಿಂದಲೇ.

ಕಬ್ಬಿನಗದ್ದೆ:
ತಿಥಿಗೆ ಬರುವುದೂ ಕೆಲಸವೇ ಸಾರ್. ಅಲ್ಲಿ ಒಬ್ಬ ಜಮೀನು ಅಳೆದು ಬೇರೆ ಮಾಡುವ ಪೋಡಿ ಆಗಿಲ್ಲ ಅನ್ನುತ್ತಾನೆ. ಇನ್ನೊಬ್ಬ ಕರೆಂಟಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಎಂಟು ದಿನ ಆಯಿತು ಅನ್ನುತ್ತಾನೆ. ಅರ್ಜಿ ಬರೆಯಲು ಬಾರದವನು ಊಟದ ಎಲೆ ಮುಂದೆ ಹೇಳಿ ಮುಗಿಸುತ್ತಾನೆ. ಲೇಖನ ಬರೆಯುವವರಿಗೆ ಇದು ಗೊತ್ತಾಗುವುದಿಲ್ಲ.

ಸಯ್ಯಾಜಿರಾವ್ ರಸ್ತೆ:
ಮಂಡ್ಯದಲ್ಲಿ ಕೂತು ಅಧಿಕಾರಿಗಳನ್ನು ಬೈಯುತ್ತೀರಲ್ಲ ಸ್ವಾಮಿ, ವಿಶ್ವೇಶ್ವರಯ್ಯ ಯಾರು? ಬಾಂಬೆ ಸರ್ಕಾರದ ನೌಕರಿ ಬಿಟ್ಟು ಬಂದ ಅಧಿಕಾರಿ. ಇಲ್ಲಿ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಅವರು ಯಾವ ತಿಥಿಗೆ ಹೋಗಿದ್ದರು? ನೀವು ಇವತ್ತು ಕಬ್ಬು ಬೆಳೆಯುತ್ತಿರುವುದು ಯಾರ ನೀರಿನಲ್ಲಿ?

ಕಬ್ಬಿನಗದ್ದೆ:
ಅವರ ಫೋಟೋ ನಮ್ಮ ನಡುಮನೆಯಲ್ಲಿದೆ ಅಣ್ಣ. ಪಕ್ಕದಲ್ಲೇ ನಾಲ್ವಡಿಯವರ ಫೋಟೋನೂ ಇದೆ.

ಗಂಗೋತ್ರಿ ಹುಡುಗಿ:
ಆ ಎರಡನೇ ಫೋಟೋ ಮುಖ್ಯ. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ಮಾಡಿದರು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವುದು ಹೇಗೆ ಅಂತ ನೋಡಲು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಆಗಲಿಲ್ಲ. ದಿವಾನಗಿರಿ ಬಿಟ್ಟರು. ಅಣೆಕಟ್ಟು ಎಷ್ಟು ಅಡಿ ಎತ್ತರ ಇರಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಯಾರಿಗೆ ಎಷ್ಟು ಪಾಲು ಅನ್ನುವುದಕ್ಕೆ ಅಂಥ ಲೆಕ್ಕ ಇಲ್ಲ, ಅಲ್ವಾ? ಅಲ್ಲಿ ಎಂಥ ಬುದ್ಧಿವಂತ ಅಧಿಕಾರಿಯೂ ತನ್ನ ಮನೆ, ತನ್ನ ಓದು ನೋಡಿಯೇ ಮಾತಾಡುವುದು.

ಸಯ್ಯಾಜಿರಾವ್ ರಸ್ತೆ:
ಎಲ್ಲಿಂದ ಎಲ್ಲಿಗೆ ಹೋದಿರಿ! ಅಷ್ಟು ದೊಡ್ಡ ಮನುಷ್ಯರ ಒಂದು ಅಭಿಪ್ರಾಯ ಹಿಡಿದುಕೊಂಡು.

ಗಂಗೋತ್ರಿ ಹುಡುಗಿ:
ದೊಡ್ಡವರು ಅಲ್ಲ ಅಂತ ನಾನು ಹೇಳಲಿಲ್ಲ ಸಾರ್.

ಮಾಜಿ ಶಿರಸ್ತೇದಾರ:
ನಾನು ಕಂದಾಯ ಇಲಾಖೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು. ಒಂದು ಅನುಭವ ಹೇಳುತ್ತೇನೆ. ಊರು, ಹೆಸರು ಬೇಡ.

ಒಂದು ತಾಲ್ಲೂಕಿನಲ್ಲಿ ಬಗರ್‌ಹುಕುಂ ಅರ್ಜಿಗಳು, ಅಂದರೆ ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಮಂಜೂರು ಮಾಡಿ ಅನ್ನುವ ಅರ್ಜಿಗಳು, ರಾಶಿ ಬಿದ್ದಿದ್ದವು. ಒಬ್ಬ ಸಾಹೇಬರು ಬಂದರು. ಕಾಫಿಯನ್ನೂ ಮನೆಯಿಂದಲೇ ಫ್ಲಾಸ್ಕಿನಲ್ಲಿ ತರುತ್ತಿದ್ದರು, ಅಷ್ಟು ಶುದ್ಧ. ರಾತ್ರಿ ಹತ್ತರವರೆಗೆ ಕೂತು ಒಂದೊಂದೇ ಕಡತ ಓದಿ ಟಿಪ್ಪಣಿ ಬರೆಸಿದರು. ಬಹಳಷ್ಟಕ್ಕೆ ‘ಸಾಗುವಳಿಗೆ ದಾಖಲೆ ಇಲ್ಲ’ ಅಂತ ಶರಾ. ಕಾನೂನಿನ ಪ್ರಕಾರ ಒಂದು ತಪ್ಪೂ ಇರಲಿಲ್ಲ. ಆದರೆ ಆ ಪಟ್ಟಿಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳು ಆ ಒಂದೂವರೆ ಎಕರೆಯಲ್ಲಿ ಹುರುಳಿ ಹಾಕುವುದನ್ನು ನಾನೇ ವರ್ಷಗಟ್ಟಲೆ ನೋಡಿದ್ದೆ. ನನ್ನ ಕಣ್ಣು ದಾಖಲೆ ಅಲ್ಲವಲ್ಲ.

ಮಂಜೂರು ಮಾಡುವ ಸಮಿತಿಗೆ ಅಧ್ಯಕ್ಷ ಎಂಎಲ್‌ಎ, ತಹಸೀಲ್ದಾರ್ ಕಾರ್ಯದರ್ಶಿ. ಎಂಎಲ್‌ಎ ಬಂದ. ತನ್ನ ಹಿಂಬಾಲಕರಿಗೆ ಕೊಡಿಸಿಕೊಂಡ, ಸುಳ್ಳು ಹೇಳುವುದಿಲ್ಲ. ಆದರೆ ಮುದುಕಿಯ ಕಡತ ಬಂದಾಗ, ‘ಇವಳು ಉಳೋದು ಊರಿಗೇ ಗೊತ್ತು, ಮಹಜರು ಬರೀರಿ’ ಅಂದ. ಊರವರ ಸಾಕ್ಷಿ ಮೇಲೆ ಅವಳಿಗೆ ಜಮೀನು ಆಯಿತು. ಆ ಸಾಹೇಬರೇ ಕೆಲಸ ಬಿಟ್ಟು ಎಂಎಲ್‌ಎ ಆಗಿ ಆ ಕುರ್ಚಿಯಲ್ಲಿ ಕೂತಿದ್ದರೆ ಮಹಜರು ಬರೆಸುತ್ತಿದ್ದರೋ, ಹಳೇ ಶರಾವನ್ನೇ ಎತ್ತಿ ಹಿಡಿಯುತ್ತಿದ್ದರೋ? ನನಗೆ ಈಗಲೂ ತಿಳಿಯದು.

ಕುಕ್ಕರಹಳ್ಳಿ ವಾಕರ್:
ಶಿರಸ್ತೇದಾರರೇ, ಹಿಂಬಾಲಕರಿಗೆ ಹೋದ ಜಮೀನನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಲ್ಲ. ಅದು ಯಾವುದೋ ಇನ್ನೊಬ್ಬ ಮುದುಕಿಗೆ ಸಿಗಬೇಕಾದದ್ದು ಇರಬಹುದು.

ಮಾಜಿ ಶಿರಸ್ತೇದಾರ:
ಇರಬಹುದು. ಒಪ್ಪಿದೆ.

ಸರಸ್ವತಿಪುರಂ ಗೃಹಿಣಿ:
ನನ್ನ ಭಯ ಬೇರೆ. ಇವತ್ತು ನಿವೃತ್ತಿ, ನಾಳೆ ಪಕ್ಷದ ಶಾಲು, ನಾಡಿದ್ದು ಟಿಕೆಟ್. ಅಂದರೆ ಕೆಲಸದಲ್ಲಿದ್ದಾಗಲೇ ಮಾತುಕತೆ ಮುಗಿದಿತ್ತು ಅಂತ ತಾನೇ? ಕೊನೆಯ ಎರಡು ವರ್ಷ ಹಾಕಿದ ಸಹಿಗಳು ಯಾರಿಗಾಗಿ? ಅಧಿಕಾರಿಗಳು ನಿವೃತ್ತಿಯಾದ ಮೇಲೆ ಸ್ವಲ್ಪ ಕಾಲ ಚುನಾವಣೆಗೆ ನಿಲ್ಲಬಾರದು ಅಂತ ಚುನಾವಣಾ ಆಯೋಗವೇ 2012ರಲ್ಲಿ ಶಿಫಾರಸು ಮಾಡಿತ್ತು. ಕೇಂದ್ರ ಒಪ್ಪಲಿಲ್ಲ. ಖಾಸಗಿ ಕಂಪನಿ ಸೇರಬೇಕಾದರೆ ಒಂದು ವರ್ಷ ಕಾಯಬೇಕು, ಇಲ್ಲ ಅನುಮತಿ ಬೇಕು. ಪಕ್ಷ ಸೇರಲು ಏನೂ ಬೇಡ.

ಕುಕ್ಕರಹಳ್ಳಿ ವಾಕರ್:
ಅದು ಸರಿ ಮೇಡಂ. ಆದರೆ ಜೆಪಿಗೆ ಆ ಮಾತು ಹೊಂದುವುದಿಲ್ಲ. ನಲವತ್ತು ವಯಸ್ಸಿಗೆ ಕುರ್ಚಿ ಬಿಟ್ಟು, ಹತ್ತು ವರ್ಷ ಆದ ಮೇಲೆ ಪಕ್ಷ ಮಾಡಿದವರು.

ಮಾಜಿ ಶಿರಸ್ತೇದಾರ:
ಕುರ್ಚಿ ಬಿಟ್ಟ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಶೇಷನ್ ನೋಡಿ. ಅವರ ಕಾಲದಲ್ಲಿ ಚುನಾವಣಾ ಡ್ಯೂಟಿ ಅಂದರೆ ನಮಗೆ ಜ್ವರ ಬರುತ್ತಿತ್ತು. ಮಂತ್ರಿಗಳಿಗೂ ಬರುತ್ತಿತ್ತು. ಅಂಥವರು 1997ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತು ಸೋತರು. 1999ರಲ್ಲಿ ಗಾಂಧಿನಗರದಲ್ಲಿ ಅಡ್ವಾಣಿ ಎದುರು ಕಾಂಗ್ರೆಸ್ಸಿನಿಂದ ನಿಂತು ಅಲ್ಲೂ ಸೋತರು. ಇನ್ನೊಂದು ತಮಾಷೆ ಕೇಳಿ. 1997ರಲ್ಲಿ ಅವರ ಎದುರು ಗೆದ್ದ ಕೆ.ಆರ್. ನಾರಾಯಣನ್ ಕೂಡ ಮಾಜಿ ಅಧಿಕಾರಿ, ವಿದೇಶಾಂಗ ಸೇವೆಯವರು. ಆದರೆ ಅವರು ಅದಕ್ಕೂ ಮೊದಲು ಕೇರಳದ ಒಟ್ಟಪಾಲಂನಲ್ಲಿ ಮೂರು ಸಲ ಓಟು ಕೇಳಿ ಗೆದ್ದಿದ್ದರು.

ಪಾಂಡವಪುರದವ:
ನಮ್ಮ ರಾಜ್ಯದಲ್ಲೇ ಕೆಲಸ ಮಾಡಿ ಹೋದವರನ್ನು ಬಿಟ್ಟಿರಲ್ಲ. ಸಸಿಕಾಂತ್ ಸೆಂಥಿಲ್ ದಕ್ಷಿಣ ಕನ್ನಡದ ಡಿಸಿ. ಅಣ್ಣಾಮಲೈ ಉಡುಪಿ, ಚಿಕ್ಕಮಗಳೂರಿನಲ್ಲಿ ಎಸ್‌ಪಿ. ಇಬ್ಬರೂ 2019ರಲ್ಲೇ ರಾಜೀನಾಮೆ ಕೊಟ್ಟರು, ಇಬ್ಬರೂ ತಮಿಳುನಾಡಿಗೆ ಹೋದರು. 2024ರಲ್ಲಿ ಸೆಂಥಿಲ್ ತಿರುವಳ್ಳೂರಿನಲ್ಲಿ 5 ಲಕ್ಷಕ್ಕೂ ಜಾಸ್ತಿ ಅಂತರದಿಂದ ಗೆದ್ದರು. ಅದೇ ವರ್ಷ ಅಣ್ಣಾಮಲೈ ಕೊಯಮತ್ತೂರಿನಲ್ಲಿ ಸೋತರು. ಇದರಲ್ಲಿ ಡಿಸಿ ಜಾಣ, ಎಸ್‌ಪಿ ದಡ್ಡ ಅಂತ ಏನೂ ಇಲ್ಲ. ಒಬ್ಬರ ಹಿಂದೆ ಡಿಎಂಕೆ ಕೂಟ ಇತ್ತು, ಇನ್ನೊಬ್ಬರ ಎದುರಿಗೆ ಇತ್ತು. ಅಷ್ಟೇ. ಓಟು ಬೀಳುವುದು ಸರ್ಟಿಫಿಕೇಟಿಗಲ್ಲ.

ಇನ್ನು ನಮ್ಮೂರ ಮಾತು. ರೈತ ಸಂಘದ ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ ಗೆದ್ದರು. ಆಮೇಲೆ ಸೋತರು. ಸೋತಾಗಲೂ ಹಸಿರು ಶಾಲು ಹಾಕಿಕೊಂಡು ಅದೇ ರಸ್ತೆಯಲ್ಲೇ ಇದ್ದರು. 2013ರಲ್ಲಿ ಮೇಲುಕೋಟೆಯಿಂದ ಮತ್ತೆ ಗೆದ್ದರು. ಅವರು ತೀರಿಕೊಂಡ ಮೇಲೆ ಮಗ ದರ್ಶನ್ ಅಮೆರಿಕದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು 2018ರಲ್ಲಿ ನಿಂತರು. ಸೋತರು. 2023ರಲ್ಲಿ ಗೆದ್ದರು. ಅಂದರೆ ಓದಿದವರಿಗೆ ನಾವು ಓಟು ಹಾಕುವುದಿಲ್ಲ ಅನ್ನುವುದು ಸುಳ್ಳು. ಒಂದು ಸಲ ಸೋತು ಊರಲ್ಲಿ ಇರುತ್ತಾರಾ ಅಂತ ನೋಡುತ್ತೇವೆ.

ಸಯ್ಯಾಜಿರಾವ್ ರಸ್ತೆ:
ಅಪ್ಪನ ಹೆಸರು ಇಲ್ಲದಿದ್ದರೆ?

ಪಾಂಡವಪುರದವ:
ಆ ಹೆಸರಿದ್ದೂ ಮೊದಲ ಸಲ ಸೋತರಲ್ಲ ಅಣ್ಣ.

ಗಂಗೋತ್ರಿ ಹುಡುಗಿ:
ಎಲ್ಲರೂ ಗೆದ್ದ ಸೀಟು, ಸೋತ ಸೀಟು ಎಣಿಸುತ್ತಿದ್ದೀರಿ. ಜೆಪಿ ವಿಷಯದಲ್ಲಿ ನನಗೆ ಆ ಲೆಕ್ಕವೇ ತಪ್ಪು ಅನಿಸುತ್ತದೆ. ಈಗ ಪ್ರತಿ ಅಭ್ಯರ್ಥಿ ನಾಮಪತ್ರದ ಜೊತೆ ಅಫಿಡವಿಟ್ ಹಾಕುತ್ತಾರೆ: ಎಷ್ಟು ಕೇಸು, ಎಷ್ಟು ಆಸ್ತಿ, ಎಷ್ಟು ಸಾಲ, ಏನು ಓದು. ಚುನಾವಣೆ ಬಂದಾಗ ನೀವೆಲ್ಲ ವಾಟ್ಸಾಪ್‌ನಲ್ಲಿ ಕಳಿಸುವ ‘ಇವರ ಆಸ್ತಿ ಇಷ್ಟು ಕೋಟಿ’ ಬರುವುದು ಅಲ್ಲಿಂದಲೇ. ಇದನ್ನು ಯಾವ ಸರ್ಕಾರವೂ ಪ್ರೀತಿಯಿಂದ ಕೊಡಲಿಲ್ಲ. 2002ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೇಂದ್ರ ಕಾನೂನು ತಿದ್ದಿ ಅದನ್ನು ಸಡಿಲ ಮಾಡಿತು. ಮತ್ತೆ ಕೋರ್ಟಿಗೆ ಹೋದವರಲ್ಲಿ ಪಿಯುಸಿಎಲ್, ಎಡಿಆರ್ ಅನ್ನುವ ನಾಗರಿಕ ಸಂಘಟನೆಗಳ ಜೊತೆ ಲೋಕಸತ್ತಾ ಕೂಡ ಇತ್ತು. 2003ರ ಮಾರ್ಚ್‌ನಲ್ಲಿ ಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು.

ಇಸವಿ ನೋಡಿ. ಆಗ ಜೆಪಿ ಕಲೆಕ್ಟರ್ ಅಲ್ಲ, ಎಂಎಲ್‌ಎಯೂ ಅಲ್ಲ. ಕೆಲಸ ಬಿಟ್ಟ ಮೇಲೆ, ಪಕ್ಷ ಕಟ್ಟುವುದಕ್ಕೆ ಮೊದಲು ಆದ ಕೆಲಸ ಇದು. ಸರ್ಕಾರದ ಒಳಗಿನ ಸಂದುಗೊಂದು ಗೊತ್ತಿದ್ದ ಮನುಷ್ಯ ಹೊರಗೆ ನಿಂತು ಒತ್ತಿದ್ದರಿಂದ ಆದದ್ದು. ಪಕ್ಷ ಕಟ್ಟಿದ ಮೇಲೆ ಅವರ ಶಕ್ತಿ ಬೂತ್ ಏಜೆಂಟರನ್ನು ಹುಡುಕುವುದರಲ್ಲಿ ಹೋಯಿತೇನೋ.

ಸರಸ್ವತಿಪುರಂ ಗೃಹಿಣಿ:
ಅಫಿಡವಿಟ್ ಬಂದು ಇಷ್ಟು ವರ್ಷ ಆಯಿತಲ್ಲಮ್ಮ. ಕೇಸು ಇರುವವರು ಕಡಿಮೆ ಆದರಾ?

ಗಂಗೋತ್ರಿ ಹುಡುಗಿ:
ಇಲ್ಲ ಆಂಟಿ. ಆದರೆ ಕೇಸು ಇದೆ ಅಂತ ಅವರ ಕೈಯಲ್ಲೇ ಸಹಿ ಹಾಕಿಸಿಕೊಂಡಿದ್ದೇವೆ.

ಕುಕ್ಕರಹಳ್ಳಿ ವಾಕರ್:
ಇದು ಬೆಳಗ್ಗೆ ಹೊಳೆದಿದ್ದರೆ ಇನ್ನೊಂದು ಸುತ್ತು ನಡೆಯಬಹುದಿತ್ತು. ಆದರೂ ನನ್ನ ಮಾತು ಬಿಡುವುದಿಲ್ಲ. ಒಳ್ಳೆಯವರೆಲ್ಲ ಹೊರಗೇ ನಿಂತು ಒತ್ತುತ್ತಿದ್ದರೆ ಒಳಗೆ ಕೂರುವವರು ಯಾರು? ಕಬ್ಬಿನಗದ್ದೆಯವರೇ, ನೇರವಾಗಿ ಹೇಳಿ. ಅಂಥವರು ಬಂದು ನಿಮ್ಮೂರಲ್ಲೇ ಮನೆ ಮಾಡಿದರು, ಸೋತರೂ ಹೋಗಲಿಲ್ಲ ಅಂತ ಇಟ್ಟುಕೊಳ್ಳಿ. ಆಗ?

ಕಬ್ಬಿನಗದ್ದೆ:
ಮೊದಲು ಬಂದು ಮನೆ ಮಾಡಲಿ ಸಾರ್, ಊರಹಬ್ಬಕ್ಕೆ ನಾನೇ ಕರೆಯುತ್ತೇನೆ. ಈಗ ನಾಲೆ ನೀರು ನಮ್ಮ ತೂಬಿಗೆ ಬಿಟ್ಟಿದ್ದಾರಂತೆ. ಇವತ್ತು ರಾತ್ರಿ ಕಟ್ಟದಿದ್ದರೆ ಪಕ್ಕದವನು ತಿರುಗಿಸಿಕೊಳ್ಳುತ್ತಾನೆ. ಹೊರಟೆ.